ಕಂಪ್ಯೂಟರ್ ಎಂದರೆ ಮನುಷ್ಯರಾಗಿದ್ದ ಕಾಲ

ನಾನು ಹೊಟ್ಟೆಪಾಡಿಗೆ ಕಂಪ್ಯೂಟರನ್ನು ನಂಬಿದವನು. ಸುವರ್ಣ ಮಹೋತ್ಸವದ ಸಂಚಿಕೆಗೆ ಮಕ್ಕಳಿಗೆ ಉಪಯೋಗವಾಗುವಂಥದ್ದನ್ನು ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ, ಈ ಯಂತ್ರದ ಹೆಸರಿನ ಚರಿತ್ರೆಯನ್ನೇ ಹೇಳೋಣ ಎನ್ನಿಸಿತು. ನೂರು ವರ್ಷಗಳ ಹಿಂದೆ ಕಂಪ್ಯೂಟರ್ ಎಂಬುದು ಯಂತ್ರದ ಹೆಸರಾಗಿರಲಿಲ್ಲ. ಅದು ಒಂದು ನೌಕರಿ. ಗುಮಾಸ್ತ, ಶಾನುಭೋಗ ಎನ್ನುವ ಹಾಗೆ, ಕುಳಿತು ಲೆಕ್ಕ ಹಾಕುವವರಿಗೆ ಆ ಹೆಸರಿತ್ತು. ಅವರಲ್ಲಿ ಹೆಂಗಸರು ಬಹಳ ಮಂದಿ.

ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಇಂಥವರ ಒಂದು ದೊಡ್ಡ ತಂಡವೇ ಇತ್ತು. ನಿರ್ದೇಶಕರಾಗಿದ್ದ ಎಡ್ವರ್ಡ್ ಪಿಕರಿಂಗ್ ಅವರು ಆಕಾಶದ ಫೋಟೋಗಳನ್ನು ಗಾಜಿನ ತಟ್ಟೆಗಳ ಮೇಲೆ ತೆಗೆಸಿ ರಾಶಿ ಹಾಕುತ್ತಿದ್ದರು. ದಕ್ಷಿಣದ ಆಕಾಶದ ತಟ್ಟೆಗಳು ಪೆರು ದೇಶದ ಅರೆಕಿಪಾದಿಂದ ಬರುತ್ತಿದ್ದವು. ಆ ತಟ್ಟೆಗಳನ್ನು ನೋಡಿ, ಅಳೆದು, ಬರೆದಿಡುವುದು ಹೆಂಗಸರ ಪಾಲಿನ ಕೆಲಸ. ಸಾಮಾನ್ಯ ಕೂಲಿ ಗಂಟೆಗೆ 25 ಸೆಂಟ್. ದೂರದರ್ಶಕವನ್ನು ಮುಟ್ಟುವ ಅವಕಾಶ ಅವರಲ್ಲಿ ಹೆಚ್ಚಿನವರಿಗೆ ಸಿಗುತ್ತಿರಲಿಲ್ಲ.

ಹೆನ್ರಿಯೆಟಾ ಲೆವಿಟ್ ಅವರು ಅಲ್ಲಿ ಮೊದಲು ಸಂಬಳವಿಲ್ಲದೆ ಸೇರಿ, ಆಮೇಲೆ ಗಂಟೆಗೆ 30 ಸೆಂಟ್‌ಗೆ ದುಡಿದವರು. ಅವರಿಗೆ ಕಿವಿ ಕೇಳಿಸುವುದು ಕಡಿಮೆಯಾಗಿತ್ತು. ಗಾಜಿನ ತಟ್ಟೆಯ ಮೇಲೆ ನಕ್ಷತ್ರಗಳು ಕಪ್ಪು ಚುಕ್ಕೆಗಳಾಗಿ ಮೂಡುತ್ತವೆ; ಹೆಚ್ಚು ಪ್ರಕಾಶದ್ದು ದೊಡ್ಡ ಚುಕ್ಕೆ. ನೊಣ ಹೊಡೆಯುವ ಬ್ಯಾಟಿನಂತೆ ಹಿಡಿಯಿರುವ ಪುಟ್ಟ ಗಾಜಿನ ಮೇಲೆ ಸಣ್ಣದರಿಂದ ದೊಡ್ಡದರವರೆಗೆ ಚುಕ್ಕೆಗಳನ್ನು ಸಾಲಾಗಿ ಮೂಡಿಸಿಕೊಂಡು, ಅದನ್ನು ತಟ್ಟೆಯ ಮೇಲಿಟ್ಟು ಒಂದೊಂದನ್ನೇ ಹೋಲಿಸುತ್ತಿದ್ದರು. ಬೇರೆ ಬೇರೆ ರಾತ್ರಿಯ ತಟ್ಟೆಗಳಲ್ಲಿ ಅದೇ ಚುಕ್ಕೆ ದೊಡ್ಡದು ಚಿಕ್ಕದಾದರೆ ಆ ನಕ್ಷತ್ರ ಮಿನುಗಿನಲ್ಲಿ ಏರಿಳಿಯುವಂಥದ್ದು ಎಂದರ್ಥ. 1908ರಲ್ಲಿ ಅವರು ಪ್ರಕಟಿಸಿದ ಪಟ್ಟಿಯಲ್ಲಿ ಮೆಗೆಲನ್ ಮೋಡಗಳೆಂಬ ಎರಡು ನಕ್ಷತ್ರರಾಶಿಗಳ ಇಂಥ 1777 ನಕ್ಷತ್ರಗಳಿದ್ದವು. ಒಬ್ಬರೇ ಕುಳಿತು ಎಣಿಸಿ ಬರೆದ ಸಂಖ್ಯೆ ಇದು ಎಂಬುದನ್ನು ಓದುಗರು ಒಂದು ಕ್ಷಣ ನಿಂತು ಯೋಚಿಸಬೇಕು.

1912ರಲ್ಲಿ ಅವರು ಕಿರಿಯ ಮೋಡದ 25 ನಕ್ಷತ್ರಗಳನ್ನು ಆರಿಸಿಕೊಂಡರು. ಒಂದು ಒಂದೂಕಾಲು ದಿನಕ್ಕೊಮ್ಮೆ ಏರಿಳಿಯುತ್ತಿತ್ತು, ಇನ್ನೊಂದಕ್ಕೆ 127 ದಿನ ಬೇಕಾಗಿತ್ತು. ಗ್ರಾಫ್ ಬರೆದು ನೋಡಿದರೆ, ಏರಿಳಿತ ನಿಧಾನವಾದಷ್ಟೂ ನಕ್ಷತ್ರ ಹೆಚ್ಚು ಪ್ರಕಾಶದ್ದು. ಕತ್ತಲಲ್ಲಿ ದೂರದ ಗುಡ್ಡದ ಮೇಲಿನ ಊರನ್ನು ನೋಡಿ: ಆ ಊರಿನ ದೀಪಗಳೆಲ್ಲ ನಮ್ಮಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿವೆ. ಆದ್ದರಿಂದ ಒಂದು ದೀಪ ಇನ್ನೊಂದಕ್ಕಿಂತ ಮಂಕಾಗಿ ಕಂಡರೆ ಅದು ನಿಜಕ್ಕೂ ಕಡಿಮೆ ವ್ಯಾಟಿನ ಬಲ್ಬು. ಮೋಡದ ನಕ್ಷತ್ರಗಳೂ ಹಾಗೆಯೇ. ಅಂದರೆ ಏರಿಳಿತದ ಅವಧಿ ಗೊತ್ತಾದರೆ ಬಲ್ಬಿನ ವ್ಯಾಟ್ ಗೊತ್ತಾಯಿತು. ಎಷ್ಟು ಮಂಕಾಗಿ ಕಾಣುತ್ತದೆ ಎಂಬುದರಿಂದ ದೂರ ಗೊತ್ತಾಗುತ್ತದೆ. ಆಕಾಶಕ್ಕೆ ಅಳತೆಪಟ್ಟಿ ಸಿಕ್ಕಿದ್ದು ಹೀಗೆ. ಆ ವರದಿಗೆ ಸಹಿ ಹಾಕಿದವರು ಪಿಕರಿಂಗ್. ಇದನ್ನು ಸಿದ್ಧಪಡಿಸಿದವರು ಮಿಸ್ ಲೆವಿಟ್ ಎಂದು ಮೊದಲ ಸಾಲಿನಲ್ಲಿ ಬರೆದಿದ್ದಾರೆ, ಅಷ್ಟೇ.

1923ರ ಅಕ್ಟೋಬರಿನಲ್ಲಿ ಎಡ್ವಿನ್ ಹಬಲ್ ಅವರು ಆಂಡ್ರೊಮೀಡಾ ಎಂಬ ಮಸುಕು ಮಚ್ಚೆಯೊಳಗೆ ಅಂಥದೇ ಒಂದು ನಕ್ಷತ್ರ ಕಂಡರು. ಲೆವಿಟ್ ಅವರ ಸಂಬಂಧವನ್ನು ಹಿಡಿದು ಲೆಕ್ಕ ಹಾಕಿದಾಗ ಸುಮಾರು 9 ಲಕ್ಷ ಜ್ಯೋತಿರ್ವರ್ಷ ಬಂತು. ಇಂದಿನ ಲೆಕ್ಕ 25 ಲಕ್ಷ. ಹಬಲ್ ಅವರ ಲೆಕ್ಕ ಕಡಿಮೆ ಬಂದಿದ್ದರೂ ವಾದ ಮುಗಿಯಿತು: ಅದು ನಮ್ಮ ಆಕಾಶಗಂಗೆಯ ಒಳಗಿನ ಮೋಡವಲ್ಲ, ಬೇರೆಯದೇ ಗೆಲಾಕ್ಸಿ. 1925ರಲ್ಲಿ ಸ್ವೀಡನ್ನಿನ ಗಣಿತಜ್ಞ ಮಿಟ್ಟಾಗ್-ಲೆಫ್ಲರ್ ಅವರು ನೊಬೆಲ್ ಪ್ರಶಸ್ತಿಗೆ ಹೆಸರು ಸೂಚಿಸುವ ಉದ್ದೇಶದಿಂದ ಲೆವಿಟ್ ಅವರಿಗೆ ಪತ್ರ ಬರೆದರು. ಆಕೆ 1921ರ ಡಿಸೆಂಬರಿನಲ್ಲೇ ತೀರಿಕೊಂಡಿದ್ದರು.

ಇನ್ನು ನೆಲಕ್ಕೆ ಬರೋಣ. ಮೈಲುತುತ್ತವನ್ನು ನೋಡದವರು ನಮ್ಮ ಕಡೆ ಯಾರೂ ಇಲ್ಲ. ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಕಲಸಿ ಹೊಡೆಯುವ ನೀಲಿ ಹರಳು. ನಮ್ಮ ಪ್ರಯೋಗಾಲಯದ ಬೀರುವಿನಲ್ಲೂ ಒಂದು ಬಾಟಲಿ ಇತ್ತು. ಪ್ರನಾಳದಲ್ಲಿ ಕಾಯಿಸಿದರೆ ನೀರು ಹಾರಿ ಬೆಳ್ಳಗಾಗುವುದನ್ನು ವಿಜ್ಞಾನದ ಮೇಷ್ಟ್ರು ಪ್ರತಿವರ್ಷ ತೋರಿಸುತ್ತಿದ್ದರು. ಈ ಮೈಲುತುತ್ತಕ್ಕೆ ಚರಿತ್ರೆಯಲ್ಲಿ ದೊಡ್ಡ ಸ್ಥಾನವಿದೆ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. 1912ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮ್ಯಾಕ್ಸ್ ಫಾನ್ ಲೌಯೆ ಅವರ ಸಲಹೆಯಂತೆ ಫ್ರೀಡ್ರಿಷ್ ಮತ್ತು ಕ್ನಿಪ್ಪಿಂಗ್ ಎಂಬಿಬ್ಬರು ಮೊಟ್ಟಮೊದಲ ಬಾರಿಗೆ ಕ್ಷ-ಕಿರಣವನ್ನು ಹಾಯಿಸಿ ಚುಕ್ಕೆಗಳ ಫೋಟೋ ತೆಗೆದದ್ದು ಇದೇ ಹರಳಿನಿಂದ.

ಮಾರನೆಯ ವರ್ಷವೇ ಇಂಗ್ಲೆಂಡಿನಲ್ಲಿ ಬ್ರಾಗ್ ಅವರು ಅಡುಗೆ ಉಪ್ಪಿನ ಹರಳಿನಲ್ಲಿ ಪರಮಾಣುಗಳು ಹೇಗೆ ಕುಳಿತಿವೆ ಎಂದು ಹೇಳಿಬಿಟ್ಟರು. ಉಪ್ಪಿನದು ಸರಳವಾದ ಘನಾಕೃತಿ. ಮೈಲುತುತ್ತದ ರಚನೆ ಮಾತ್ರ ಹೊರಬಿದ್ದದ್ದು 1934ರಲ್ಲಿ. ಮೊದಲ ಫೋಟೋ ಇದರದೇ, ಉತ್ತರ ಸಿಕ್ಕಿದ್ದು 22 ವರ್ಷದ ಮೇಲೆ! ಕಾರಣ, ಆ ಚುಕ್ಕೆಗಳು ಹರಳಿನ ಚಿತ್ರವಲ್ಲ. ಒಂದೊಂದು ಚುಕ್ಕೆಯೂ ಒಂದೊಂದು ಅಲೆಯ ಎತ್ತರವನ್ನು ಹೇಳುತ್ತದೆ; ಆ ಅಲೆ ಎಲ್ಲಿಂದ ಶುರುವಾಗುತ್ತದೆ ಎಂದು ಹೇಳುವುದಿಲ್ಲ. ಅದನ್ನು ಬೇರೆ ಉಪಾಯದಿಂದ ಊಹಿಸಿ, ಎಲ್ಲ ಸೈನ್, ಕೊಸೈನ್ ಅಲೆಗಳನ್ನೂ ಕೂಡಿದರೆ ಪರಮಾಣುಗಳಿರುವ ಜಾಗದಲ್ಲಿ ದಿಬ್ಬಗಳು ಏಳುತ್ತವೆ. ಸಾವಿರಾರು ಸಲ ಗುಣಿಸಿ ಕೂಡುವ ಕೆಲಸ.

ಅದನ್ನು ಮಾಡಿದವರು ಬೀವರ್ಸ್ ಮತ್ತು ಲಿಪ್ಸನ್ ಎಂಬ ಇಬ್ಬರು ಯುವಕರು. ತಾಮ್ರದ ಸುತ್ತ ನಾಲ್ಕು ನೀರಿನ ಅಣುಗಳಿವೆ, ಐದನೆಯದು ಬೇರೆ ಜಾಗದಲ್ಲಿದೆ ಎಂದು ತೋರಿಸಿದರು. ಅದಕ್ಕಿಂತ ದೊಡ್ಡ ಉಪಕಾರವೆಂದರೆ ಅವರು ಲೆಕ್ಕಕ್ಕೆ ಕಂಡುಕೊಂಡ ಸುಲಭ ದಾರಿ. ಎರಡು ಕೋನಗಳ ಮೊತ್ತದ ಕೊಸೈನನ್ನು ಬಿಡಿಸಿ ಬರೆಯುವ ಪಿ.ಯು.ಸಿ. ಸೂತ್ರವಿದೆಯಲ್ಲ, ಅದನ್ನು ಹಾಕಿದರೆ ಉದ್ದ-ಅಗಲದ ದೊಡ್ಡ ಲೆಕ್ಕ ಚಿಕ್ಕ ಚಿಕ್ಕ ಸಾಲುಲೆಕ್ಕಗಳಾಗಿ ಒಡೆಯುತ್ತದೆ. ಆ ಸಾಲುಗಳನ್ನು ಮೊದಲೇ ಗುಣಿಸಿ ರಟ್ಟಿನ ಪಟ್ಟಿಗಳ ಮೇಲೆ ಮುದ್ರಿಸಿ ಮರದ ಪೆಟ್ಟಿಗೆಯಲ್ಲಿ ಜೋಡಿಸಿದರು. ಬೇಕಾದ ಪಟ್ಟಿಗಳನ್ನು ಎತ್ತಿ ಒಂದರ ಕೆಳಗೊಂದು ಇಟ್ಟು ಕೂಡುವುದು, ಮುಗಿದ ಮೇಲೆ ಪ್ರತಿಯೊಂದನ್ನೂ ಅದರ ಜಾಗಕ್ಕೇ ಹಿಂದಿರುಗಿಸುವುದು. ಪೆಟ್ಟಿಗೆ ಕೈಜಾರಿ ಬಿದ್ದರೆ ಗತಿಯೇನು ಎಂದು ಊಹಿಸಿಕೊಳ್ಳಿ. ನಾವು ಇಂದು ಪ್ರೋಗ್ರಾಮಿನಲ್ಲಿ ಬರೆಯುವ ಕೋಷ್ಟಕಗಳ ಅಜ್ಜ ಇದು. ನಮ್ಮ ಲಾಗ್ ಟೇಬಲ್ ಪುಸ್ತಕದ ನೆಂಟ.

ಇಂಥ ಪಟ್ಟಿಗಳನ್ನು ಬಳಸಿದವರಲ್ಲಿ ಡೊರೊಥಿ ಹಾಜ್‌ಕಿನ್ ಒಬ್ಬರು. ಪೆನಿಸಿಲಿನ್ ರಚನೆಯನ್ನು 1945ರಲ್ಲಿ, ಬಿ12 ಜೀವಸತ್ವದ್ದನ್ನು 1950ರ ದಶಕದಲ್ಲಿ ಬಿಡಿಸಿದ ಅವರಿಗೆ 1964ರಲ್ಲಿ ನೊಬೆಲ್ ಬಂತು. ಇನ್ಸುಲಿನ್ನಿನ ಮೊದಲ ಫೋಟೋ ತೆಗೆದದ್ದು 1930ರ ದಶಕದ ನಡುವಿನಲ್ಲಿ, ರಚನೆ ತಿಳಿದದ್ದು 1969ರಲ್ಲಿ. ಆ ಹೊತ್ತಿಗೆ ಲೆಕ್ಕ ಯಂತ್ರದ ಪಾಲಾಗಿತ್ತು. ಇನ್ಸುಲಿನ್ ತಂಡದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಹೋಗಿದ್ದ ಎಂ. ವಿಜಯನ್ ಇದ್ದರು. ಅವರು ಅದೇ ಸಂಸ್ಥೆಗೆ ಮರಳಿ ನಮ್ಮ ದೇಶದಲ್ಲಿ ಪ್ರೋಟೀನ್ ಹರಳುಗಳ ಅಧ್ಯಯನವನ್ನು ಕಟ್ಟಿದರು.

ಕಳೆದ ವರ್ಷ ಹಳೆಯ ವಿದ್ಯಾರ್ಥಿಗಳ ಸಭೆಗೆ ಬಂದಿದ್ದಾಗ ಹತ್ತನೇ ತರಗತಿಯ ಹುಡುಗಿಯೊಬ್ಬಳು, "ಸರ್, ಈಗ ಲೆಕ್ಕಾನೂ ಮೊಬೈಲೇ ಮಾಡುತ್ತೆ, ಪ್ರೋಗ್ರಾಮೂ ಅದೇ ಬರೆಯುತ್ತಂತೆ. ನಾವು ಕಲಿತು ಏನು ಮಾಡೋದು?" ಎಂದು ಕೇಳಿದಳು. ಚೇಷ್ಟೆಯ ಪ್ರಶ್ನೆಯಲ್ಲ, ಪಿ.ಯು.ಸಿ.ಗೆ ವಿಜ್ಞಾನ ತೆಗೆದುಕೊಳ್ಳಬೇಕೋ ಬೇಡವೋ ಎಂದು ಮನೆಯಲ್ಲಿ ಮಾತು ನಡೆದಿತ್ತಂತೆ. ಕೂಡುವ ಕೆಲಸ ನಮ್ಮ ಕೈಬಿಟ್ಟಿದೆ ಎಂಬುದನ್ನು ನಾನು ಅಲ್ಲಗಳೆಯಲಾರೆ, ನನ್ನ ಕಚೇರಿಯಲ್ಲೂ ಅದೇ ಮಾತು. ಆದರೆ ಏನನ್ನು ಕೂಡಬೇಕು ಎಂಬುದು ಬೇರೆ ವಿಷಯ. ಲೆವಿಟ್ ಒಂದೇ ದೂರದಲ್ಲಿರುವ ನಕ್ಷತ್ರಗಳನ್ನು ಆರಿಸಿಕೊಂಡದ್ದು ಕೂಡುವಿಕೆಯಲ್ಲ. ಮೂರನೆಯ ಉದಾಹರಣೆಯಲ್ಲಿ ಇದು ಇನ್ನೂ ಸ್ಪಷ್ಟ.

ಎರಡು ಕೇರೆಹಾವು ಹೆಣೆದುಕೊಂಡು ಎದ್ದು ನಿಂತರೆ ಹಾವುಗಳ ಸರಸ ಎಂದು ನಮ್ಮೂರಲ್ಲಿ ಹೇಳುತ್ತಾರೆ. ಅದು ಸರಸವಲ್ಲ, ಎರಡು ಗಂಡುಗಳ ಕುಸ್ತಿ. ಒಂದು ಇನ್ನೊಂದರ ತಲೆಯನ್ನು ನೆಲಕ್ಕೆ ಒತ್ತುತ್ತದೆ, ಸೋತದ್ದು ಸರಿದುಹೋಗುತ್ತದೆ. ವಿಷದ ಹಾವುಗಳೂ ಹೀಗೆ ಸೆಣಸುವಾಗ ಸಾಮಾನ್ಯವಾಗಿ ಹಲ್ಲು ಬಳಸುವುದಿಲ್ಲ. ಜಿಂಕೆಗಳು ಕೊಂಬಿಗೆ ಕೊಂಬು ಕೊಟ್ಟು ತಳ್ಳುತ್ತವೆ, ಎದುರಾಳಿ ಪಕ್ಕೆ ತಿರುಗಿಸಿದರೂ ಸಾಮಾನ್ಯವಾಗಿ ಇರಿಯುವುದಿಲ್ಲ. ಯಾಕೆ? ಕುಲ ಉಳಿಯಲಿ ಎಂದು, ಎಂಬುದು ಬಹುಕಾಲದ ಉತ್ತರ. ಆದರೆ ಇರಿಯುವ ಒಂದು ಜಿಂಕೆ ಹುಟ್ಟಿದರೆ ಅದೇ ಗೆದ್ದು ಅದರ ಮರಿಗಳೇ ತುಂಬಿಕೊಳ್ಳಬೇಕಲ್ಲ?

ಈ ಗಂಟನ್ನು ಬಿಡಿಸಿದವರಲ್ಲಿ ಒಬ್ಬರು ಜಾನ್ ಮೇನಾರ್ಡ್ ಸ್ಮಿತ್. ನನ್ನಂತೆ ಎಂಜಿನಿಯರಿಂಗ್ ಓದಿದವರು, ಯುದ್ಧಕಾಲದಲ್ಲಿ ವಿಮಾನಗಳ ಲೆಕ್ಕ ಮಾಡಿದವರು. ಆಮೇಲೆ ಹಾಲ್ಡೇನ್ ಅವರ ಬಳಿ ಪ್ರಾಣಿಶಾಸ್ತ್ರ ಕಲಿತರು. ಭಾರತದ ಪೌರತ್ವ ಪಡೆದು ಭುವನೇಶ್ವರದಲ್ಲಿ ತೀರಿಕೊಂಡ ಹಾಲ್ಡೇನ್ ಅವರೇ. ಇನ್ನೊಬ್ಬರು ಜಾರ್ಜ್ ಪ್ರೈಸ್, ಅಮೆರಿಕದ ರಸಾಯನಶಾಸ್ತ್ರಜ್ಞ, ಐಬಿಎಂನಲ್ಲಿ ದುಡಿದು ಕೆಲಸ ಬಿಟ್ಟು 1967ರಲ್ಲಿ ಲಂಡನ್ನಿಗೆ ಬಂದವರು. ಜೀವಶಾಸ್ತ್ರವನ್ನು ಸ್ವಂತವಾಗಿ ಓದಿಕೊಂಡು ಕೊಂಬುಗಳ ಬಗ್ಗೆ ಒಂದು ಉದ್ದದ ಪ್ರಬಂಧ ಬರೆದು 'ನೇಚರ್' ಪತ್ರಿಕೆಗೆ ಕಳಿಸಿದರು. ಅದನ್ನು ಪರಿಶೀಲಿಸಿದವರು ಮೇನಾರ್ಡ್ ಸ್ಮಿತ್. ಪ್ರಬಂಧ ಅಚ್ಚಾಗಲೇ ಇಲ್ಲ. ಮುಂದೆ ಅದೇ ವಿಷಯ ಬರೆಯುವಾಗ ಸ್ಮಿತ್ ಅವರು ಪ್ರೈಸ್ ಅವರನ್ನು ಹುಡುಕಿಕೊಂಡು ಹೋದರು. ಇಬ್ಬರೂ ಸೇರಿ ಬರೆದ ಲೇಖನ 1973ರ ನವೆಂಬರಿನಲ್ಲಿ ಬಂತು.

ಅವರು ಕಂಪ್ಯೂಟರಿನಲ್ಲಿ ಐದು ಬಗೆಯ ಪ್ರಾಣಿಗಳನ್ನು ಕಾದಾಡಿಸಿದರು: ಸದಾ ಮೇಲೆರಗುವ ಗಿಡುಗ, ಎಂದೂ ಗಾಯ ಮಾಡದ ಇಲಿ, ಎದುರು ನಿಂತರೆ ಓಡುವ ಪುಂಡ, ಹೊಡೆದರೆ ಮಾತ್ರ ಹೊಡೆಯುವವನು, ಕೆಣಕಿ ನೋಡುವವನು. ಗೆಲುವಿಗೆ 60 ಅಂಕ, ದೊಡ್ಡ ಗಾಯಕ್ಕೆ 100 ಕಳೆಯಬೇಕು. ಸದಾ ಮೇಲೆರಗುವವನು ಗೆಲ್ಲಲಿಲ್ಲ. ಹೊಡೆದರೆ ಮಾತ್ರ ಹೊಡೆಯುವವನು ಚೆನ್ನಾಗಿ ಉಳಿದುಕೊಂಡ. ನಾನೊಂದು ಭಾನುವಾರ ಇದನ್ನು ಬರೆದು ನೋಡಿದೆ, ನೂರು ಸಾಲೂ ಆಗಲಿಲ್ಲ.

ಯಂತ್ರವಿಲ್ಲದೆಯೂ ಇದರ ಸಾರ ನೋಡಬಹುದು. ಅದೇ ಅಂಕಗಳನ್ನು ಇಟ್ಟುಕೊಂಡು ಎರಡೇ ಬಗೆ ತೆಗೆದುಕೊಳ್ಳೋಣ, ಗಿಡುಗ ಮತ್ತು ಪಾರಿವಾಳ. ಗಿಡುಗಕ್ಕೆ ಗಿಡುಗ ಸಿಕ್ಕರೆ ಅರ್ಧ ಸಲ 60, ಅರ್ಧ ಸಲ ಕಳೆ 100. ಸರಾಸರಿ ಕಳೆ 20. ಗಿಡುಗಕ್ಕೆ ಪಾರಿವಾಳ ಸಿಕ್ಕರೆ ಗಿಡುಗಕ್ಕೆ 60, ಪಾರಿವಾಳಕ್ಕೆ ಸೊನ್ನೆ. ಎರಡೂ ಪಾರಿವಾಳವಾದರೆ ತಲಾ 30. ಗಿಡುಗಗಳ ಪಾಲು 'ಕ್ಷ' ಎಂದಿಟ್ಟುಕೊಳ್ಳಿ. ಗಿಡುಗದ ಗಳಿಕೆ 60 − 80ಕ್ಷ, ಪಾರಿವಾಳದ್ದು 30 − 30ಕ್ಷ. ಎರಡೂ ಸಮವಾಗುವುದು ಕ್ಷ = 0.6 ಆದಾಗ. ನೂರಕ್ಕೆ ಅರವತ್ತು ದಾಟಿದರೆ ಗಿಡುಗಗಳೇ ಗಿಡುಗಗಳಿಗೆ ಯಮನಾಗುತ್ತವೆ, ಪಾರಿವಾಳಕ್ಕೆ ಲಾಭ. ಕುಲದ ಹಿತ ಎಲ್ಲಿಯೂ ಬರಲಿಲ್ಲ; ಪ್ರತಿಯೊಂದೂ ತನ್ನದನ್ನೇ ನೋಡಿಕೊಂಡರೂ ಸಂಯಮ ಉಳಿಯಿತು. ಇದು ಎಸ್.ಎಸ್.ಎಲ್.ಸಿ. ಮಟ್ಟದ ಸಮೀಕರಣ. ಗಾಯಕ್ಕೆ ಬೆಲೆ ಕಟ್ಟಬೇಕು ಎಂದು ಹೊಳೆಯುವುದೇ ಕಷ್ಟದ ಭಾಗ. ಆ ಹುಡುಗಿಗೆ ಸಭೆಯ ಗದ್ದಲದಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಲೇಖನ ಪ್ರಕಟವಾಗುವ ಹೊತ್ತಿಗೆ ಪ್ರೈಸ್ ಅವರು ತಮ್ಮಲ್ಲಿದ್ದುದನ್ನೆಲ್ಲ ಲಂಡನ್ನಿನ ನೆಲೆಯಿಲ್ಲದವರಿಗೆ ಕೊಟ್ಟು ಬರಿಗೈಯಾಗುತ್ತಿದ್ದರು. 1975ರ ಜನವರಿಯಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಗೆ ಬಂದವರು ಬೆರಳೆಣಿಕೆಯಷ್ಟು ಜನ: ಅವರು ನೆರವಾಗಿದ್ದ ಕೆಲವು ಬೀದಿಬದಿಯ ಬಡವರು, ಜೀವವಿಜ್ಞಾನಿ ಹ್ಯಾಮಿಲ್ಟನ್, ಮತ್ತು ಜಾನ್ ಮೇನಾರ್ಡ್ ಸ್ಮಿತ್.