ಲೆಕ್ಕ ಕೇಳುವ ಹಕ್ಕು: ದಕ್ಷಿಣ ಕನ್ನಡ ಜಿಲ್ಲೆಯ ಸ್ಥಳೀಯ ಆಯವ್ಯಯ ಮತ್ತು ಉದ್ಯೋಗ ಯೋಜನೆಗಳ ಪರಿಶೀಲನೆ

ಮಂಗಳೂರು ನಗರದ ನಡುವಿನ ಕೊಡಿಯಾಲ್‌ಬೈಲ್ ಇಂದು ಕಾಲೇಜು, ಮುದ್ರಣಾಲಯ, ಬಿಷಪರ ನಿವಾಸ, ಕಾರಾಗೃಹಗಳಿಂದ ಗುರುತಿಸಲ್ಪಡುವ ಪ್ರದೇಶ. ಆದರೆ ಅದರ ಹೆಸರು ಕೃಷಿಗೆ ಸಂಬಂಧಿಸಿದ್ದು. ‘ಕೊಡಿಯಾಲ್’ ಎಂಬುದು ಕೊಂಕಣಿಯಲ್ಲಿ ಮಂಗಳೂರಿಗಿರುವ ಹೆಸರು. ‘ಬೈಲು’ ಎಂದರೆ ನೀರಿನ ಆಸರೆಯುಳ್ಳ ತಗ್ಗಿನ ಗದ್ದೆ. ತುಳುನಾಡಿನಲ್ಲಿ ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸುವ ರೂಢಿಯಿತ್ತು. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳಿಗೂ ಒದಗುವ ಬೈಲುಗದ್ದೆಯೇ ಇವುಗಳಲ್ಲಿ ಶ್ರೇಷ್ಠವಾದುದು. ನೆಲದ ಗುಣಕ್ಕೆ ತಕ್ಕ ತೀರ್ವೆ, ತೀರ್ವೆಯ ಮೇಲೆ ಸ್ಥಳೀಯ ಕರ, ಆ ಕರದಿಂದ ರಸ್ತೆ ಮತ್ತು ಶಾಲೆ ಎಂಬ ಸರಣಿಯಲ್ಲಿಯೇ ಜಿಲ್ಲೆಯ ಸ್ಥಳೀಯ ಆಯವ್ಯಯದ ಚರಿತ್ರೆ ಬೆಳೆದಿದೆ. ಹೀಗೆ ಸಂಗ್ರಹವಾದ ಹಣದ ಲೆಕ್ಕವನ್ನು ಯಾರು ಕೇಳಬಹುದಿತ್ತು, ಯಾವ ಹಂತದಲ್ಲಿ ಕೇಳಬಹುದಿತ್ತು ಎಂಬುದು ಪ್ರಸ್ತುತ ಪ್ರಬಂಧದ ವಿಚಾರ.

ಪ್ರಜೆಗಳು ಸರಕಾರದ ಲೆಕ್ಕವನ್ನು ಒಟ್ಟಾಗಿ ಪ್ರಶ್ನಿಸಿದ ನಿದರ್ಶನ ಈ ಜಿಲ್ಲೆಯಲ್ಲಿ ಕಾನೂನುಬದ್ಧ ಸ್ಥಳೀಯ ಸಂಸ್ಥೆಗಳಿಗಿಂತ ಹಳೆಯದು. 1830-31ರಲ್ಲಿ ಕಂದಾಯದ ಹೊರೆಯನ್ನು ತಾಳಲಾರದೆ ಕೆನರಾದ ರೈತರು ‘ಕೂಟ’ಗಳಾಗಿ ಸೇರಿದರು. ಕದ್ರಿಯ ಮಂಜುನಾಥ ದೇವಾಲಯದ ಪರಿಸರ ಈ ಕೂಟಗಳ ಒಂದು ಮುಖ್ಯ ನೆಲೆಯಾಗಿತ್ತು. ಕಾರಣಗಳ ವಿಚಾರಣೆಗೆಂದು ಸರಕಾರ ನಿಯೋಜಿಸಿದ ಸ್ಟೋಕ್ಸ್ ಎಂಬ ಅಧಿಕಾರಿ 1833ರಲ್ಲಿ ವರದಿ ಸಲ್ಲಿಸಿದನು. ಪ್ರಶ್ನೆ ಜನರಿಂದ ಬಂದರೂ ವಿಚಾರಣೆ ಅಧಿಕಾರಿಯದು, ತೀರ್ಮಾನ ಮದರಾಸಿನದು. ಈ ವಿನ್ಯಾಸವು ಮುಂದೆಯೂ ಬಹುಕಾಲ ಉಳಿದುಬಂದಿತು.

1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿದ ಬಳಿಕ ದಕ್ಷಿಣ ಕೆನರಾ ಮದರಾಸು ಪ್ರಾಂತದಲ್ಲಿಯೇ ಉಳಿಯಿತು. 1866ರಲ್ಲಿ ಮಂಗಳೂರಿನಲ್ಲಿ ಪುರಸಭೆ ಸ್ಥಾಪನೆಯಾಯಿತು. ಗ್ರಾಮಾಂತರ ಭಾಗಕ್ಕೆ 1871ರ ಮದರಾಸು ಸ್ಥಳೀಯ ನಿಧಿ ಕಾಯ್ದೆಯು ಭೂಮಿಯ ಮೇಲೆ ಕರ ವಿಧಿಸುವ ವ್ಯವಸ್ಥೆಯನ್ನು ತಂದಿತು. 1882ರ ರಿಪ್ಪನ್ ನಿರ್ಣಯದ ಫಲವಾಗಿ ಬಂದ 1884ರ ಸ್ಥಳೀಯ ಬೋರ್ಡುಗಳ ಕಾಯ್ದೆಯು ಜಿಲ್ಲಾ ಬೋರ್ಡು ಮತ್ತು ತಾಲ್ಲೂಕು ಬೋರ್ಡುಗಳಿಗೆ ಅವಕಾಶ ಕಲ್ಪಿಸಿತು. ಆದರೆ ಜಿಲ್ಲಾ ಬೋರ್ಡಿನ ಅಧ್ಯಕ್ಷಸ್ಥಾನ ದೀರ್ಘಕಾಲ ಕಲೆಕ್ಟರರಲ್ಲಿಯೇ ಇತ್ತು. 1920ರ ಕಾಯ್ದೆಯಿಂದ ಚುನಾಯಿತ ಸದಸ್ಯರ ಪ್ರಭಾವ ಹೆಚ್ಚಿತಾದರೂ ಮತದಾನದ ಹಕ್ಕು ಆಸ್ತಿ ಮತ್ತು ತೆರಿಗೆಯನ್ನು ಅವಲಂಬಿಸಿತ್ತು. ಪರಿಣಾಮವಾಗಿ, ಗದ್ದೆಯಲ್ಲಿ ದುಡಿದ ಚಾಲಗೇಣಿ ಒಕ್ಕಲಿಗೂ ಕೂಲಿಯಾಳಿಗೂ ಲೆಕ್ಕ ಕೇಳುವ ಅಧಿಕಾರ ದೊರೆಯಲಿಲ್ಲ. ಈ ಕಾಲದ ಪರಿಶೀಲನೆಯೆಂದರೆ ಮುಖ್ಯವಾಗಿ ಸ್ಥಳೀಯ ನಿಧಿ ಲೆಕ್ಕಪರಿಶೋಧನೆ. ಖರ್ಚು ನಿಯಮಕ್ಕೆ ಅನುಗುಣವಾಗಿತ್ತೇ ಎಂದು ಅದು ನೋಡುತ್ತಿತ್ತು. ಖರ್ಚು ಅಗತ್ಯವಾಗಿತ್ತೇ ಎಂಬುದು ಅದರ ಪ್ರಶ್ನೆಯಾಗಿರಲಿಲ್ಲ.

1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿ, ಕಾಸರಗೋಡು ಕೇರಳದ ಪಾಲಾಯಿತು. 1959ರ ಕಾಯ್ದೆಯ ಪ್ರಕಾರ ರಚಿತವಾದ ತಾಲ್ಲೂಕು ಅಭಿವೃದ್ಧಿ ಮಂಡಲಿಗಳು ಚುನಾಯಿತವಾದವು. ಜಿಲ್ಲಾ ಮಟ್ಟದಲ್ಲಿ ಮಾತ್ರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಅಭಿವೃದ್ಧಿ ಪರಿಷತ್ತು ಇದ್ದಿತು. ಹೀಗೆ ಜನಪ್ರತಿನಿಧಿಗಳು ರೂಪಿಸಿದ ಆಯವ್ಯಯವು ಅಧಿಕಾರಿಯ ನೇತೃತ್ವದಲ್ಲಿ ಪರಿಶೀಲಿಸಲ್ಪಡುವ ಹಳೆಯ ಕ್ರಮವೇ ಬೇರೊಂದು ರೂಪದಲ್ಲಿ ಮುಂದುವರಿಯಿತು.

ಈ ಕ್ರಮವನ್ನು ತಿರುಗಿಸಿದ್ದು 1983ರ ಕರ್ನಾಟಕ ಕಾಯ್ದೆ. ಅಬ್ದುಲ್ ನಜೀರ್ ಸಾಬ್ ಅವರ ಪರಿಶ್ರಮದಿಂದ ಸಿದ್ಧವಾದ ಈ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ದೊರೆತುದು 1985ರಲ್ಲಿ. ಚುನಾವಣೆ ನಡೆದುದು 1987ರ ಜನವರಿಯಲ್ಲಿ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ದೊರೆಯಿತು. ಜಿಲ್ಲಾಧಿಕಾರಿಗಿಂತ ಹಿರಿಯ ಶ್ರೇಣಿಯ ಅಧಿಕಾರಿಯು ಮುಖ್ಯ ಕಾರ್ಯದರ್ಶಿಯಾಗಿ ಅವರ ಅಧೀನದಲ್ಲಿ ಕೆಲಸ ಮಾಡಬೇಕಾಯಿತು. ರಾಜ್ಯದ ಮುಂಗಡಪತ್ರದೊಡನೆ, ಜಿಲ್ಲಾವಾರು ಹಂಚಿಕೆಯನ್ನು ತೋರಿಸುವ ‘ಲಿಂಕ್ ದಾಖಲೆ’ ಪ್ರಕಟವಾಗತೊಡಗಿತು. ಜಿಲ್ಲೆಗೆ ಎಷ್ಟು ಹಣ, ಯಾವ ಶೀರ್ಷಿಕೆಯಲ್ಲಿ ಎಂಬುದು ಸದಸ್ಯರ ಕಣ್ಣಿಗೆ ಬೀಳುವಂತಾದುದು ಸಣ್ಣ ಸಂಗತಿಯಲ್ಲ. ಆದರೆ ಅನುದಾನದ ಬಹುಪಾಲು ಸಿಬ್ಬಂದಿಯ ವೇತನಕ್ಕೂ ಮೊದಲೇ ನಿಗದಿಯಾದ ಯೋಜನೆಗಳಿಗೂ ಮೀಸಲಾಗಿರುತ್ತಿದ್ದುದರಿಂದ ಸದಸ್ಯರು ಬದಲಿಸಬಹುದಾದ ಭಾಗ ಕಿರಿದಾಗಿತ್ತು. ನೋಡುವ ಹಕ್ಕು ಬಂದಿತು, ತಿದ್ದುವ ಹಕ್ಕು ಅದರ ಜೊತೆಯಲ್ಲಿ ಪೂರ್ಣವಾಗಿ ಬರಲಿಲ್ಲ.

73ನೆಯ ತಿದ್ದುಪಡಿಯ ಬಳಿಕ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯು ಜಾರಿಗೆ ಬಂದಿತು. ಜಿಲ್ಲಾ ಪಂಚಾಯತಿಗೆ ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನೆಗೆಂದೇ ಸ್ಥಾಯಿ ಸಮಿತಿಯೊಂದು ದೊರೆಯಿತು. ಗ್ರಾಮ ಮತ್ತು ನಗರಗಳ ಯೋಜನೆಗಳನ್ನು ಒಗ್ಗೂಡಿಸುವ ಹೊಣೆ ಜಿಲ್ಲಾ ಯೋಜನಾ ಸಮಿತಿಯದಾಯಿತು. ಕೊಡಿಯಾಲ್‌ಬೈಲಿನ ನಾಗರಿಕನು ಮಹಾನಗರಪಾಲಿಕೆಯ ಮತದಾರ. ಸುಳ್ಯದ ಕೃಷಿಕನು ಪಂಚಾಯತಿಯ ಮತದಾರ. ಇಬ್ಬರ ಹಣಕಾಸಿನ ವಿಚಾರಗಳು ಒಂದೇ ಮೇಜಿನ ಮೇಲೆ ಬರಬೇಕಾದ ಸ್ಥಳ ಈ ಸಮಿತಿ. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ದಕ್ಷಿಣ ಕನ್ನಡದ ಈ ಸಂಸ್ಥೆಗಳ ವ್ಯಾಪ್ತಿ ಕಿರಿದಾಯಿತು.

ಉದ್ಯೋಗ ಯೋಜನೆಗಳ ವಿಷಯದಲ್ಲಿ ಪರಿಶೀಲನೆಯ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. 1980ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಕಾರ್ಯಕ್ರಮ, 1989ರ ಜವಾಹರ್ ರೋಜ್‌ಗಾರ್ ಯೋಜನೆ ಮೊದಲಾದವುಗಳಲ್ಲಿ ಹಣ ಮೇಲಿನಿಂದ ಬರುತ್ತಿತ್ತು. ಬಂದ ಹಣಕ್ಕೆ ತಕ್ಕಷ್ಟು ಕೆಲಸವನ್ನು ಹುಡುಕಲಾಗುತ್ತಿತ್ತು. 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯು ಈ ಕ್ರಮವನ್ನು ತಲೆಕೆಳಗು ಮಾಡಿತು. ಮುಂದಿನ ವರ್ಷ ಜಿಲ್ಲೆಯಲ್ಲಿ ಎಷ್ಟು ಮಂದಿ ಕೆಲಸ ಕೇಳಬಹುದು, ಅವರನ್ನು ಯಾವ ಕಾಮಗಾರಿಗಳಲ್ಲಿ ತೊಡಗಿಸಬಹುದು ಎಂಬ ಅಂದಾಜನ್ನು ಪ್ರತಿವರ್ಷ ಡಿಸೆಂಬರ್‌ನಲ್ಲಿ ಸಿದ್ಧಪಡಿಸಿ ಜಿಲ್ಲಾ ಪಂಚಾಯತಿಯ ಮುಂದಿಡಬೇಕೆಂದು ಅದು ವಿಧಿಸಿತು. ಇದಕ್ಕೆ ‘ಕಾರ್ಮಿಕ ಆಯವ್ಯಯ’ ಎಂದು ಹೆಸರು. ನಡೆದ ಕಾಮಗಾರಿಗಳ ಸಾಮಾಜಿಕ ಲೆಕ್ಕಪರಿಶೋಧನೆಯ ಅಧಿಕಾರ ಗ್ರಾಮಸಭೆಗೆ ದೊರೆಯಿತು. ದಕ್ಷಿಣ ಕನ್ನಡಕ್ಕೆ ಈ ಕಾಯ್ದೆ ಅನ್ವಯವಾದುದು ಮೂರನೆಯ ಹಂತದಲ್ಲಿ, 2008ರ ಏಪ್ರಿಲ್ 1ರಿಂದ.

ಬಯಲುಸೀಮೆಯ ಬರಪೀಡಿತ ಜಿಲ್ಲೆಗಳ ಸ್ಥಿತಿಯಿಂದ ಕರಾವಳಿಯ ಸ್ಥಿತಿ ಭಿನ್ನವಾದುದು. ಇಲ್ಲಿ ಅಡಿಕೆ ತೋಟದ ಕೂಲಿ ಸರಕಾರಿ ಕೂಲಿಗಿಂತ ಹೆಚ್ಚು. 1974ರ ಭೂಸುಧಾರಣೆಯ ಫಲವಾಗಿ ಅಸಂಖ್ಯ ಗೇಣಿದಾರರು ಸಣ್ಣ ಹಿಡುವಳಿಯ ಒಡೆಯರಾಗಿದ್ದರು. ಬೀಡಿ ಕಟ್ಟುವುದು ಸಾವಿರಾರು ಮಹಿಳೆಯರ ಮನೆಯೊಳಗಿನ ದುಡಿಮೆ. ಇಂತಹ ಜಿಲ್ಲೆಯಲ್ಲಿ ಮಣ್ಣು ಹೊರುವ ಕೆಲಸಕ್ಕೆ ಬೇಡಿಕೆ ಕಡಿಮೆಯಿದ್ದುದನ್ನು ನಿರುದ್ಯೋಗದ ಅಭಾವವೆಂದು ಓದುವುದು ತಪ್ಪಾಗುತ್ತದೆ. ಎಲೆ, ಹೊಗೆಸೊಪ್ಪು ಸಿಗದ ವಾರದಲ್ಲಿ ಬೀಡಿ ಕಟ್ಟುವವಳು ಕೆಲಸವಿಲ್ಲದೆ ಕುಳಿತರೂ ಆಕೆಯ ನಷ್ಟ ಕಾರ್ಮಿಕ ಆಯವ್ಯಯದ ಯಾವ ಅಂಕಣದಲ್ಲಿಯೂ ಕಾಣುತ್ತಿರಲಿಲ್ಲ. ಸಣ್ಣ ಮತ್ತು ಅತಿಸಣ್ಣ ಹಿಡುವಳಿದಾರರ ಜಮೀನಿನಲ್ಲಿಯೂ ಕಾಮಗಾರಿಗೆ ಅವಕಾಶ ದೊರೆತ ಮೇಲೆ ತೆರೆದ ಬಾವಿ, ತೋಟದ ಅಭಿವೃದ್ಧಿ, ದನದ ಹಟ್ಟಿಗಳಿಗೆ ಜಿಲ್ಲೆಯಲ್ಲಿ ಬೇಡಿಕೆ ಬಂದಿತು. ನಿಯಮವು ಸ್ಥಳದ ಬದುಕಿಗೆ ಹತ್ತಿರವಾದಾಗ ಅಂಕಿಗಳೂ ಬದಲಾದವು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಕಾಯ್ದೆಯ ಸ್ಥಾನದಲ್ಲಿ ಬೇರೊಂದನ್ನು ಅಂಗೀಕರಿಸಿತು.

ಪರಿಶೀಲನೆಯ ಹಕ್ಕು ಕಾಯ್ದೆಯಲ್ಲಿ ಬರೆದ ಮಾತ್ರಕ್ಕೆ ಉಳಿಯುವುದಿಲ್ಲ. 1987ರ ಪರಿಷತ್ತುಗಳ ಅವಧಿ 1992ರಲ್ಲಿ ಮುಗಿದಾಗ 1995ರವರೆಗೆ ಮರುಚುನಾವಣೆ ನಡೆಯಲಿಲ್ಲ. 2016ರಲ್ಲಿ ಆಯ್ಕೆಯಾದ ಜಿಲ್ಲಾ ಪಂಚಾಯತಿಗಳ ಅವಧಿ 2021ರಲ್ಲಿ ಕೊನೆಗೊಂಡ ಬಳಿಕವೂ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಗಳೇ ಅಧಿಕಾರ ನಡೆಸಿದರು. ಇಂತಹ ಅವಧಿಗಳಲ್ಲಿ ಆಯವ್ಯಯ ಸಿದ್ಧವಾಗುತ್ತದೆ, ಅಂಗೀಕಾರವೂ ಆಗುತ್ತದೆ, ಲೆಕ್ಕಪರಿಶೋಧನೆಯೂ ನಡೆಯುತ್ತದೆ. ಇಲ್ಲವಾಗುವುದು ಹಣ ಖರ್ಚಾಗುವ ಮುನ್ನ ‘ಇದು ಯಾತಕ್ಕೆ’ ಎಂದು ಸಭೆಯಲ್ಲಿ ಎದ್ದು ಕೇಳುವ ಸದಸ್ಯನ ಧ್ವನಿ ಮಾತ್ರ. 1884ರ ಬೋರ್ಡುಗಳಲ್ಲಿ ಕಂಡ ಕೊರತೆಯೂ ಇದೇ ಆಗಿತ್ತು. ತೀರ್ವೆ ಕಟ್ಟುತ್ತಿದ್ದ ಬೈಲು ನಗರವಾದರೂ, ಕದ್ರಿಯ ಕೂಟಗಳು ಎತ್ತಿದ ಪ್ರಶ್ನೆಗೆ ಕಾನೂನಿನ ಆಸರೆ ದೊರೆತಿದ್ದರೂ, ಅದನ್ನು ಕೇಳಲು ಚುನಾಯಿತ ಸಭೆಯೊಂದು ನಿರಂತರವಾಗಿ ಇರಬೇಕೆಂಬುದೇ ಜಿಲ್ಲೆಯ ಸ್ಥಳೀಯ ಆಡಳಿತದ ಇತಿಹಾಸ ಕಲಿಸುವ ಪಾಠ.