ಪುರುಷರ ಸಂತಾನಶಕ್ತಿ ಸಂರಕ್ಷಣೆ: ವೀರ್ಯ ಘನೀಕರಣದ ಇತಿಹಾಸ ಮತ್ತು ಬಾಗಲಕೋಟೆ ಸೀಮೆ

ಕಾಯಿಲೆ, ಶಸ್ತ್ರಚಿಕಿತ್ಸೆ ಅಥವಾ ಔಷಧಿಯಿಂದ ಸಂತಾನಶಕ್ತಿ ಕಳೆದುಕೊಳ್ಳುವ ಸಂಭವವಿರುವ ಪುರುಷನ ವೀರ್ಯವನ್ನು ಮುಂಚಿತವಾಗಿ ಪಡೆದು, ದ್ರವ ನೈಟ್ರೋಜನ್‌ನ ಅತಿಶೀತದಲ್ಲಿ ಕಾಪಾಡಿ, ಬೇಕಾದಾಗ ಗರ್ಭಧಾರಣೆಗೆ ಬಳಸುವ ವಿಧಾನವೇ ವೀರ್ಯ ಘನೀಕರಣ. ಪುರುಷರ ಸಂತಾನಶಕ್ತಿ ಉಳಿಸುವ ವಿಧಾನಗಳಲ್ಲಿ ಇದು ಅತ್ಯಂತ ಹಳೆಯದು, ಸರಳವಾದದ್ದು, ಹೆಚ್ಚು ನಂಬಿಕೆಗೆ ಅರ್ಹವಾದದ್ದು. ಕ್ಯಾನ್ಸರ್ ಚಿಕಿತ್ಸೆಗೆ ಹೊರಟ ತರುಣರಿಗೆ ಇದರ ಉಪಯೋಗ ಎಲ್ಲರಿಗಿಂತ ಹೆಚ್ಚು. ಕರ್ನಾಟಕದಲ್ಲಿ ಈ ತಂತ್ರಜ್ಞಾನ ದನದ ಕೊಟ್ಟಿಗೆಯನ್ನು ಮುಟ್ಟಿ ಅರ್ಧ ಶತಮಾನ ಕಳೆದಿದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಗಂಡಸರ ಪಾಲಿಗೆ ಅದರ ಹೆಸರು ಕೂಡ ಇನ್ನೂ ಹೊಸದು.

ಮಕ್ಕಳಿಲ್ಲದ ಕೊರಗು ಈ ಸೀಮೆಯಲ್ಲಿ ಶಿಲ್ಪವಾಗಿಯೂ ರಾಜಕಾರಣವಾಗಿಯೂ ಉಳಿದಿದೆ. ಬಾದಾಮಿ ಸಮೀಪದ ನಾಗನಾಥಕೊಳ್ಳದಲ್ಲಿ ದೊರೆತ ಲಜ್ಜಾಗೌರಿಯ ಮೂರ್ತಿ ಈಗ ಬಾದಾಮಿಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿದೆ. ಚಾಲುಕ್ಯರ ಕಾಲದ ಈ ತಾಯಿದೇವತೆಯ ಇನ್ನೊಂದು ರೂಪ ಐಹೊಳೆಯ ಹತ್ತಿರದ ಸಿದ್ಧನಕೊಳ್ಳದಲ್ಲಿದೆ. ಸಂತಾನ ಬೇಡುವ ಹೆಣ್ಣುಮಕ್ಕಳು ಇಂದಿಗೂ ಅಲ್ಲಿಗೆ ಹರಕೆ ಹೊತ್ತು ಹೋಗುತ್ತಾರೆ. ಗಂಡು ಸಂತಾನವಿಲ್ಲದಿದ್ದರೆ ರಾಜ್ಯವೇ ಕೈತಪ್ಪುತ್ತಿದ್ದ ಕಾಲವೂ ಇತ್ತು. 1824ರಲ್ಲಿ ಕಿತ್ತೂರಿನ ದತ್ತಕವನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ಬಾದಾಮಿಗೆ ನೆರೆಯ ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯವರಿಗೂ ದತ್ತು ಪಡೆಯಲು ಅನುಮತಿ ಸಿಗಲಿಲ್ಲ. 1858ರಲ್ಲಿ ಅವರು ಬಂಡೆದ್ದರು. ಆದರೆ ಅರಮನೆಯಲ್ಲಾಗಲಿ ಗುಡಿಸಲಲ್ಲಾಗಲಿ ಪರೀಕ್ಷೆ, ಹರಕೆ, ನಿಂದೆ ಎಲ್ಲವೂ ಹೆಣ್ಣಿನ ಪಾಲಿಗೇ ಬಂದವು. ಕೊರತೆ ಗಂಡಿನಲ್ಲಿಯೂ ಇರಬಹುದೆಂಬ ಮಾತು ಮನೆಯೊಳಗೆ ಎದ್ದದ್ದು ತೀರ ಈಚೆಗೆ. ವೀರ್ಯ ಘನೀಕರಣದ ಮಾತು ಇಲ್ಲಿ ತಡವಾಗಿ ಬಂದದ್ದಕ್ಕೆ ಇದೇ ದೊಡ್ಡ ಕಾರಣ.

ಹಾಲೆಂಡಿನ ಲೇವನ್‌ಹುಕ್ 1677ರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ವೀರ್ಯಾಣುಗಳನ್ನು ಕಂಡ. 1776ರಲ್ಲಿ ಇಟಲಿಯ ಸ್ಪಲಂಜಾನಿ ಹಿಮದಲ್ಲಿ ತಣ್ಣಗಾದ ವೀರ್ಯಾಣುಗಳು ಚಲನೆ ನಿಲ್ಲಿಸಿ, ಬೆಚ್ಚಗಾದಾಗ ಮತ್ತೆ ಚಲಿಸುವುದನ್ನು ಗಮನಿಸಿದ. 1866ರಲ್ಲಿ ಅದೇ ದೇಶದ ಪಾವೊಲೊ ಮಾಂತೆಗಾಜಾ ಒಂದು ಹೆಜ್ಜೆ ಮುಂದೆ ಹೋಗಿ, ಯುದ್ಧಕ್ಕೆ ಹೋಗುವ ಸೈನಿಕನ ವೀರ್ಯವನ್ನು ಘನೀಕರಿಸಿ ಇಟ್ಟರೆ ಅವನು ಸತ್ತ ಮೇಲೂ ಮಗು ಹುಟ್ಟಬಹುದು ಎಂದು ಬರೆದ. ಮಾತು ಸರಿಯಿತ್ತು, ಉಪಾಯ ಇರಲಿಲ್ಲ. ಜೀವಕೋಶ ಹೆಪ್ಪುಗಟ್ಟುವಾಗ ಒಳಗೆ ಮೂಡುವ ಮಂಜಿನ ಹರಳುಗಳು ಅದರ ಪೊರೆಯನ್ನು ಹರಿದು ಹಾಕುತ್ತವೆ. ಹೊರಗಿನ ನೀರು ಮೊದಲು ಗಟ್ಟಿಯಾದಾಗ ಉಳಿದ ದ್ರವದಲ್ಲಿ ಲವಣದ ಸಾಂದ್ರತೆ ಏರಿ ಕೋಶ ಬತ್ತಿಹೋಗುತ್ತದೆ. ಈ ಎರಡು ಅಪಾಯಗಳ ನಡುವಿನ ದಾರಿ ಸಿಗಲು ಇನ್ನೂ ಎಂಬತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಕ್ರಿಸ್ಟೋಫರ್ ಪೋಲ್ಜ್, ಆಡ್ರಿ ಸ್ಮಿತ್, ಅಲನ್ ಪಾರ್ಕ್ಸ್ ಕೋಳಿಯ ವೀರ್ಯವನ್ನು ಸಕ್ಕರೆ ದ್ರಾವಣದಲ್ಲಿ ಘನೀಕರಿಸಲು ಹೆಣಗುತ್ತಿದ್ದರು. ಶೀತಗೃಹದಲ್ಲಿ ತಿಂಗಳುಗಟ್ಟಲೆ ಇದ್ದ ಒಂದು ಬಾಟಲಿಯ ದ್ರಾವಣ ಇದ್ದಕ್ಕಿದ್ದಂತೆ ಫಲ ಕೊಟ್ಟಿತು. ಪರೀಕ್ಷಿಸಿದಾಗ ಅದರಲ್ಲಿದ್ದದ್ದು ಸಕ್ಕರೆಯಲ್ಲ, ಗ್ಲಿಸರಾಲ್ ಮತ್ತು ಮೊಟ್ಟೆಯ ಬಿಳಿಯ ಅಂಶ. ಬಾಟಲಿಗಳ ಚೀಟಿ ಅದಲುಬದಲಾಗಿತ್ತು. 1949ರಲ್ಲಿ ನೇಚರ್ ಪತ್ರಿಕೆಯಲ್ಲಿ ಈ ಶೋಧ ಪ್ರಕಟವಾಯಿತು. ಇಂದಿಗೂ ವೀರ್ಯ ಘನೀಕರಣದ ಮುಖ್ಯ ರಕ್ಷಕ ದ್ರವ ಗ್ಲಿಸರಾಲೇ. ಕೆಲವೇ ವರ್ಷಗಳಲ್ಲಿ ಘನೀಕೃತ ವೀರ್ಯದಿಂದ ಕರು ಹುಟ್ಟಿತು, ಹೈನುಗಾರಿಕೆಯ ಜಗತ್ತು ಬದಲಾಯಿತು.

ಈ ಕಥೆಯ ಪಶುಸಂಗೋಪನೆಯ ಕವಲಿನಲ್ಲಿ ಕನ್ನಡ ನಾಡಿಗೆ ಹೆಮ್ಮೆಯ ಸ್ಥಾನವಿದೆ. ಭಾರತದಲ್ಲಿ ದನಗಳಿಗೆ ಕೃತಕ ಗರ್ಭಧಾರಣೆ ಮೊದಲು ನಡೆದದ್ದು 1939ರಲ್ಲಿ, ಮೈಸೂರಿನ ಅರಮನೆ ಹೈನು ಕೇಂದ್ರದಲ್ಲಿ. ಡಾ. ಸಂಪತ್ ಕುಮಾರನ್ ಅಲ್ಲಿ ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಹಳ್ಳಿಕಾರ್ ಹಸುಗಳಿಗೆ ಬಳಸಿದರು. ಅದು ತಾಜಾ ವೀರ್ಯದ ಕಾಲ. 1960ರ ದಶಕದ ಕೊನೆಯಲ್ಲಿ ಡೆನ್ಮಾರ್ಕ್ ನೆರವಿನ ಯೋಜನೆಯಡಿ ಬೆಂಗಳೂರಿನ ಹೆಸರಘಟ್ಟದಲ್ಲಿ ಘನೀಕೃತ ವೀರ್ಯ ಉತ್ಪಾದನೆಯ ಕೆಲಸ ಬೇರೂರಿತು. ಈಗ ಊರ ದನದ ದವಾಖಾನೆಯ ಕ್ಯಾನಿನಲ್ಲಿ ದ್ರವ ನೈಟ್ರೋಜನ್ ಇರುತ್ತದೆ, ಅದರೊಳಗೆ 0.25 ಮಿಲಿಲೀಟರಿನ ಬಣ್ಣದ ಸ್ಟ್ರಾಗಳು ಮುಳುಗಿರುತ್ತವೆ, ಪ್ರತಿ ಸ್ಟ್ರಾದಲ್ಲಿ ಸುಮಾರು 2 ಕೋಟಿ ವೀರ್ಯಾಣು. ಬಾಗಲಕೋಟೆ ಜಿಲ್ಲೆಯ ಎರೆಹೊಲಗಳಲ್ಲಿ ದುಡಿದ ಕೃಷ್ಣಾ ಕಣಿವೆ ತಳಿಯ ದನಗಳು ಟ್ರ್ಯಾಕ್ಟರ್ ಬಂದ ಮೇಲೆ ವಿರಳವಾಗಿವೆ. ಇಂಥ ದೇಶಿ ತಳಿಗಳು ಅಳಿಯದಂತೆ ಹೋರಿಗಳ ವೀರ್ಯವನ್ನು ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊದ ಜೀನ್ ಬ್ಯಾಂಕಿನಲ್ಲಿ ಕಾಪಿಡುತ್ತಾರೆ. ಹೋರಿಯ ವಂಶ ಉಳಿಸಲು ಇಷ್ಟು ಯೋಚಿಸಿದ ನಾವು ರಕ್ತದ ಕ್ಯಾನ್ಸರ್ ಬಂದ ಹದಿಹರೆಯದ ಹುಡುಗನ ಬಗ್ಗೆ ಅಷ್ಟು ಯೋಚಿಸಿಲ್ಲ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು.

ಮನುಷ್ಯರಲ್ಲಿ ಮೊದಲ ಯಶಸ್ಸು 1953ರದು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ರೇಮಂಡ್ ಬಂಜ್ ಮತ್ತು ಜೆರೋಮ್ ಶೆರ್ಮನ್, ಒಣ ಮಂಜುಗಡ್ಡೆಯಲ್ಲಿ ಘನೀಕರಿಸಿದ ವೀರ್ಯದಿಂದ ಗರ್ಭ ನಿಂತದ್ದನ್ನು ವರದಿ ಮಾಡಿದರು. 1963ರಲ್ಲಿ ಶೆರ್ಮನ್ ದ್ರವ ನೈಟ್ರೋಜನ್ನಿನ ಆವಿಯಲ್ಲಿ ಘನೀಕರಿಸುವ ಕ್ರಮ ತೋರಿಸಿದರು. ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೋಶದ ಎಲ್ಲ ರಾಸಾಯನಿಕ ಚಟುವಟಿಕೆ ನಿಂತುಹೋಗುವುದರಿಂದ ವರ್ಷಗಳು ಉರುಳಿದರೂ ಅದಕ್ಕೆ ಮುಪ್ಪಿಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿ ಖಾಸಗಿ ವೀರ್ಯ ಬ್ಯಾಂಕುಗಳು ತೆರೆದವು. ವ್ಯಾಸೆಕ್ಟಮಿ (ಗಂಡಸರ ಸಂತಾನಹರಣ ಶಸ್ತ್ರಚಿಕಿತ್ಸೆ) ಮಾಡಿಸಿಕೊಳ್ಳುವವರಿಗೆ ಮುನ್ನೆಚ್ಚರಿಕೆಯಾಗಿ ವೀರ್ಯ ಇಟ್ಟುಕೊಳ್ಳಲು ಹೇಳಿದವು. ಅದೇ ದಶಕದಲ್ಲಿ, ತುರ್ತು ಪರಿಸ್ಥಿತಿಯ 1976-77ರ ಒಂದೇ ಸಾಲಿನಲ್ಲಿ, ಭಾರತದ 60 ಲಕ್ಷಕ್ಕೂ ಹೆಚ್ಚು ಗಂಡಸರು ವ್ಯಾಸೆಕ್ಟಮಿಗೆ ಒಳಗಾದರು. ಇಟ್ಟುಕೊಳ್ಳಿ ಎಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ.

ಘನೀಕರಣಕ್ಕೆ ನಿಜವಾದ ಅರ್ಥ ಬಂದದ್ದು ಕ್ಯಾನ್ಸರ್ ಗುಣವಾಗತೊಡಗಿದ ಮೇಲೆ. 1960ರ ದಶಕದಲ್ಲಿ ಹಾಡ್ಜ್‌ಕಿನ್ ಕಾಯಿಲೆಗೆ ಬಂದ ನಾಲ್ಕು ಔಷಧಿಗಳ ಚಿಕಿತ್ಸೆ ಜೀವ ಉಳಿಸಿತು, ಆದರೆ ಹೆಚ್ಚಿನ ಗಂಡಸರಲ್ಲಿ ವೀರ್ಯಾಣುವನ್ನೇ ಅಳಿಸಿತು. 1970ರ ದಶಕದಲ್ಲಿ ಸಿಸ್‌ಪ್ಲಾಟಿನ್ ಎಂಬ ಔಷಧಿ ಬಂದು, ತರುಣರನ್ನೇ ಕಾಡುವ ವೃಷಣದ ಕ್ಯಾನ್ಸರ್ ಬಹುಪಾಲು ವಾಸಿಯಾಗುವ ರೋಗವಾಯಿತು. ಬದುಕಿ ಉಳಿದವನು ಮದುವೆ, ಮಕ್ಕಳ ಬಗ್ಗೆ ಕೇಳಿದ. 1992ರಲ್ಲಿ ಬ್ರಸೆಲ್ಸ್‌ನ ತಂಡ ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಕ್ಕೆ ಬಿಡುವ ಇಕ್ಸಿ ವಿಧಾನದ ಯಶಸ್ಸನ್ನು ಪ್ರಕಟಿಸಿತು. ಅಲ್ಲಿಂದ ಲೆಕ್ಕವೇ ಬದಲಾಯಿತು. ಅದುವರೆಗೆ ಇಟ್ಟರೂ ಪ್ರಯೋಜನವಿಲ್ಲ ಎನ್ನುತ್ತಿದ್ದ ದುರ್ಬಲ ಮಾದರಿಯಿಂದಲೂ ಮಗು ಸಾಧ್ಯವಾಯಿತು. ಇಂಗ್ಲೆಂಡಿನಲ್ಲಿ 1979ರಲ್ಲಿ 17ರ ಹುಡುಗನೊಬ್ಬ ವೃಷಣದ ಕ್ಯಾನ್ಸರ್ ಚಿಕಿತ್ಸೆಗೆ ಮುನ್ನ ಇಟ್ಟ ವೀರ್ಯದಿಂದ, 21 ವರ್ಷದ ಸಂಗ್ರಹದ ಬಳಿಕ, ಆರೋಗ್ಯವಂತ ಗಂಡುಮಗು ಹುಟ್ಟಿದ್ದನ್ನು ಮ್ಯಾಂಚೆಸ್ಟರಿನ ವೈದ್ಯರು 2004ರಲ್ಲಿ ವರದಿ ಮಾಡಿದರು.

ಭಾರತದಲ್ಲಿ ಮಾನವ ಭ್ರೂಣಗಳನ್ನು ಘನೀಕರಿಸುವ ಚರಿತ್ರೆ ಕೋಲ್ಕತ್ತದಿಂದ ಆರಂಭ. ಡಾ. ಸುಭಾಷ್ ಮುಖೋಪಾಧ್ಯಾಯರು 53 ದಿನ ಘನೀಕರಿಸಿಟ್ಟ ಭ್ರೂಣದಿಂದ 1978ರ ಅಕ್ಟೋಬರ್ 3ರಂದು ಹೆಣ್ಣುಮಗು ಹುಟ್ಟಿತು. ಸರ್ಕಾರಿ ಸಮಿತಿ ಅವರ ಮಾತನ್ನು ನಂಬಲಿಲ್ಲ, 1981ರಲ್ಲಿ ಅವರು ತೀರಿಕೊಂಡರು. ಅವರಿಗೆ ನ್ಯಾಯ ಕೊಡಿಸಿದವರು ಡಾ. ಟಿ.ಸಿ. ಆನಂದ್ ಕುಮಾರ್. 1986ರಲ್ಲಿ ಮುಂಬಯಿಯಲ್ಲಿ ಡಾ. ಇಂದಿರಾ ಹಿಂದುಜಾ ಅವರೊಂದಿಗೆ ಪ್ರನಾಳ ಶಿಶುವಿನ ಸಾಧನೆ ಮಾಡಿದ, ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಈ ವಿಜ್ಞಾನಿ, ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಓದಿ, 1997ರಲ್ಲಿ, ಭಾರತದ ಮೊದಲ ಪ್ರನಾಳ ಶಿಶುವಿನ ಗೌರವ ಅವರದೇ ಎಂದು ಸಾರಿದರು. ತನ್ನ ಕಿರೀಟವನ್ನು ತಾನೇ ತೆಗೆದು ಇನ್ನೊಬ್ಬರಿಗೆ ಇಟ್ಟ ಇಂಥ ನಡೆ ವಿಜ್ಞಾನದಲ್ಲಿ ಅಪರೂಪ. ಕರ್ನಾಟಕದಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಭ್ರೂಣವಿಜ್ಞಾನ ವಿಭಾಗ ಕ್ಯಾನ್ಸರ್ ರೋಗಿಗಳ ಸಂತಾನಶಕ್ತಿಯ ಕುರಿತು ಸಂಶೋಧನೆ ನಡೆಸುತ್ತ ಬಂದಿದೆ.

ವಿಧಾನದಲ್ಲಿ ಹೆದರುವಂಥದ್ದೇನೂ ಇಲ್ಲ. ರಕ್ತದಲ್ಲಿ ಎಚ್‌ಐವಿ, ಕಾಮಾಲೆಯ ಬಿ ಮತ್ತು ಸಿ ವೈರಾಣು, ಸಿಫಿಲಿಸ್ ಪರೀಕ್ಷೆ ಮಾಡುತ್ತಾರೆ. ಎರಡು ಮೂರು ದಿನ ಸಂಯಮದಿಂದಿದ್ದು, ಆಸ್ಪತ್ರೆಯ ಪ್ರತ್ಯೇಕ ಕೋಣೆಯಲ್ಲಿ ಹಸ್ತಮೈಥುನದಿಂದ ಮಾದರಿ ಕೊಡಬೇಕು. ಅರ್ಧ ಗಂಟೆಯಲ್ಲಿ ಅದು ತೆಳ್ಳಗಾದ ಮೇಲೆ ಎಣಿಕೆ, ಚಲನೆ ನೋಡಿ, ರಕ್ಷಕ ದ್ರವವನ್ನು ಹನಿಹನಿಯಾಗಿ ಬೆರೆಸಿ, ಸಣ್ಣ ನಳಿಕೆಗಳಲ್ಲಿ ತುಂಬಿ, ಮೊದಲು ಆವಿಯಲ್ಲಿ, ಬಳಿಕ ದ್ರವ ನೈಟ್ರೋಜನ್‌ನಲ್ಲಿ ಇಳಿಸುತ್ತಾರೆ. ಕರಗಿಸಿದಾಗ ಚಲಿಸುವ ವೀರ್ಯಾಣುಗಳಲ್ಲಿ ಸುಮಾರು ಅರ್ಧ ನಷ್ಟವಾಗುವುದು ಸಾಮಾನ್ಯ; ಹಾಗಾಗಿ ಸಮಯವಿದ್ದರೆ ಎರಡು ಮೂರು ಮಾದರಿ ಇಡುವುದು ಒಳ್ಳೆಯದು. ಸಮಯವಿಲ್ಲದಿದ್ದರೆ ಒಂದಾದರೂ ಸಾಕು. ಮಾದರಿಯಲ್ಲಿ ವೀರ್ಯಾಣುವೇ ಇಲ್ಲದಿದ್ದರೆ ವೃಷಣದಿಂದ ಶಸ್ತ್ರಕ್ರಿಯೆಯ ಮೂಲಕ ಹುಡುಕಿ ತೆಗೆಯುವುದುಂಟು. ಬೆನ್ನುಹುರಿಗೆ ಪೆಟ್ಟಾದವರಿಗೆ ಕಂಪನ ಅಥವಾ ವಿದ್ಯುತ್ ಪ್ರಚೋದನೆಯ ಕ್ರಮವಿದೆ. ಎರಡನೆಯದು 1936ರಲ್ಲಿ ಆಸ್ಟ್ರೇಲಿಯಾದಲ್ಲಿ ಟಗರುಗಳಿಗಾಗಿ ಹುಟ್ಟಿದ ತಂತ್ರ. ವಿಕಿರಣ ಚಿಕಿತ್ಸೆಯಲ್ಲಿ ವೃಷಣಗಳಿಗೆ ಸೀಸದ ಮರೆ ಕೊಡುತ್ತಾರೆ. ಹಾರ್ಮೋನ್ ಮದ್ದಿನಿಂದ ಪುರುಷರ ಸಂತಾನಶಕ್ತಿಯನ್ನು ಕಾಯಲು ನಡೆದ ಪ್ರಯತ್ನಗಳು ಫಲಿಸಿಲ್ಲ. ಇನ್ನೂ ಪ್ರಾಯಕ್ಕೆ ಬಾರದ ಬಾಲಕರಲ್ಲಿ ವೀರ್ಯವೇ ಇರುವುದಿಲ್ಲವಾದ್ದರಿಂದ ವೃಷಣದ ತುಣುಕನ್ನು ಘನೀಕರಿಸುತ್ತಾರೆ, ಆದರೆ ಇದಿನ್ನೂ ಪ್ರಯೋಗದ ಹಂತ. ಹೀಗೆ ಇಟ್ಟ ಅಂಗಾಂಶವನ್ನು ಅದೇ ಕೋತಿಗೆ ಮರಳಿ ಕಸಿ ಮಾಡಿ, ಅದರಿಂದ ಮರಿ ಪಡೆದ ಅಮೆರಿಕದ ಪ್ರಯೋಗ 2019ರಲ್ಲಿ ಪ್ರಕಟವಾಯಿತು.

ಮೊದಲ ಕಿಮೊ (ಕ್ಯಾನ್ಸರಿನ ಔಷಧಿ ಚಿಕಿತ್ಸೆ) ಕೊಡುವ ಮುನ್ನವೇ ವೀರ್ಯ ಇಡಬೇಕು. ಔಷಧಿ ಮೈಗೇರಿದ ಮೇಲೆ ಪಡೆದ ವೀರ್ಯಾಣುವಿನ ಆನುವಂಶಿಕ ವಸ್ತುವಿಗೆ ಹಾನಿಯಾಗಿರುವ ಭಯವಿದೆ.

ಬಾಗಲಕೋಟೆಯ ಕಷ್ಟ ಈ ಗಡುವಿನಲ್ಲೇ ಇದೆ. 1997ರಲ್ಲಿ ವಿಜಯಪುರದಿಂದ ಬೇರ್ಪಟ್ಟು ಜಿಲ್ಲೆಯಾದ, ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಭಾಗ ಬಿಟ್ಟುಕೊಟ್ಟು ನವನಗರ ಕಟ್ಟಿಕೊಂಡ ಈ ಊರಿಗೆ 2002ರಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಬಂತು. ಅಲ್ಲಿಯ ಕುಮಾರೇಶ್ವರ ಆಸ್ಪತ್ರೆಗೆ ಸುತ್ತಲಿನ ತಾಲ್ಲೂಕುಗಳ ಜನ ಬರುತ್ತಾರೆ. ಆದರೂ ಕ್ಯಾನ್ಸರ್ ಎಂದರೆ ಈ ಸೀಮೆಯವರು ಹೊರಡುವುದು ನೂರು ಕಿಲೋಮೀಟರಿಗೂ ಆಚೆಯ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ, ಇಲ್ಲವೆ 1973ರಿಂದ ಇರುವ ಬೆಂಗಳೂರಿನ ಕಿದ್ವಾಯಿಗೆ. ಇಳಕಲ್ಲಿನ ಮಗ್ಗದವನ ಮಗ, ಗ್ರಾನೈಟ್ ಗಣಿಯಲ್ಲಿ ದುಡಿಯುವ ಹುಡುಗ, ಗೋವೆಗೆ ಕೂಲಿಗೆ ಹೋದ ಬಾದಾಮಿಯ ತರುಣ ಅಲ್ಲಿಗೆ ಮುಟ್ಟುವಷ್ಟರಲ್ಲಿ ರೋಗ ಬಲಿತಿರುತ್ತದೆ, ಹಾಸಿಗೆ ಸಿಕ್ಕ ದಿನವೇ ಚಿಕಿತ್ಸೆ ಶುರುವಾಗಬೇಕಿರುತ್ತದೆ. ಜೊತೆಗೆ ಬಂದ ಅಪ್ಪ, ಕಾಕಾ ಮೊದಲು ಜೀವ ಉಳಿಯಲಿ ಅನ್ನುತ್ತಾರೆ. ಮದುವೆಯಾಗದ ಹುಡುಗನ ಎದುರು ವೀರ್ಯದ ಮಾತೆತ್ತಲು ವೈದ್ಯರಿಗೂ ಸಂಕೋಚ. ಇನ್ನೊಂದು ಅಡ್ಡಿ ಹಣದ್ದು. ಆಯುಷ್ಮಾನ್ ಭಾರತ್ ಯೋಜನೆ ಕ್ಯಾನ್ಸರ್ ಚಿಕಿತ್ಸೆಯ ವೆಚ್ಚ ಭರಿಸುತ್ತದೆ, ಸಂತಾನಹೀನತೆಯ ಚಿಕಿತ್ಸೆಯನ್ನು ಮಾತ್ರ ಹೊರಗಿಟ್ಟಿದೆ. ಕಿಮೊದಿಂದ ಆಗುವ ಹಾನಿಯನ್ನು ತಡೆಯುವುದು ಕಿಮೊದ ಭಾಗವೇ ಆಗಬೇಕಿತ್ತು.

2005ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮಾರ್ಗಸೂಚಿ ತಂದಿತ್ತು. ಅದಕ್ಕೆ ಕಾನೂನಿನ ಬಲ ಬಂದದ್ದು 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯ್ದೆಯಿಂದ. ಜಾರಿ 2022ರ ಜನವರಿ 25ರಿಂದ. ಕ್ಲಿನಿಕ್‌ಗಳೂ ಬ್ಯಾಂಕುಗಳೂ ನೋಂದಣಿ ಮಾಡಿಸಲೇಬೇಕು. ವೀರ್ಯದಾನಿ 21ರಿಂದ 55 ವರ್ಷದವನಾಗಿರಬೇಕು, ಒಬ್ಬ ದಾನಿಯ ವೀರ್ಯ ಒಂದೇ ದಂಪತಿಗೆ. ದಾನಿಯ ವೀರ್ಯ ಮತ್ತು ಭ್ರೂಣದ ಸಂಗ್ರಹಕ್ಕೆ 10 ವರ್ಷದ ಮಿತಿಯಿದೆ. ದಾನಿಗಳ ಮಟ್ಟಿಗೆ ಇದು ಸರಿಯಿರಬಹುದು, ಆದರೆ ಇದೇ ಮಿತಿಯನ್ನು ರೋಗಿಯ ಸ್ವಂತ ವೀರ್ಯಕ್ಕೂ ಹಾಕಿದರೆ 15ನೇ ವಯಸ್ಸಿನಲ್ಲಿ ಕ್ಯಾನ್ಸರ್ ಬಂದವನಿಗೆ ಅನ್ಯಾಯ: ಅವನ ಗಡುವು 25ಕ್ಕೇ ಮುಗಿಯುತ್ತದೆ. ಮ್ಯಾಂಚೆಸ್ಟರಿನ ಆ ಮಗು ಈ ಲೆಕ್ಕದಲ್ಲಿ ಹುಟ್ಟುತ್ತಲೇ ಇರಲಿಲ್ಲ. ಬ್ರಿಟನ್ 2022ರಲ್ಲಿ, ಹತ್ತು ವರ್ಷಕ್ಕೊಮ್ಮೆ ಒಪ್ಪಿಗೆ ನವೀಕರಿಸುವ ಷರತ್ತಿನ ಮೇಲೆ, ಎಲ್ಲರಿಗೂ 55 ವರ್ಷಗಳವರೆಗೆ ಸಂಗ್ರಹಿಸಿಡಲು ಅವಕಾಶ ಕೊಟ್ಟಿದೆ. ಸತ್ತವನ ವೀರ್ಯ ಯಾರದ್ದು ಎಂಬ ಪ್ರಶ್ನೆಯೂ ನ್ಯಾಯಾಲಯಕ್ಕೆ ಹೋಗಿದೆ. 2020ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ ಅವಿವಾಹಿತ ಯುವಕನ ಘನೀಕೃತ ವೀರ್ಯವನ್ನು ಅವನ ತಂದೆತಾಯಿಗೆ ಒಪ್ಪಿಸುವಂತೆ ದೆಹಲಿ ಹೈಕೋರ್ಟ್ 2024ರ ಅಕ್ಟೋಬರ್ 4ರಂದು ಆಸ್ಪತ್ರೆಗೆ ಆದೇಶಿಸಿತು.

ಕ್ಯಾನ್ಸರ್ ಪೀಡಿತ ಗಂಡುಮಗ ಅಥವಾ ತಮ್ಮನನ್ನು ಚಿಕಿತ್ಸೆಗೆ ಕರೆದೊಯ್ಯುವವರು ಮೊದಲ ಕಿಮೊಗೆ ಮುಂಚೆ ವೈದ್ಯರನ್ನು ಕೇಳಬೇಕು: ವೀರ್ಯ ಇಡಬಹುದೇ, ಎಲ್ಲಿ ಇಡಬೇಕು, ಎಷ್ಟು ದಿನದಲ್ಲಿ ಆಗುತ್ತದೆ. ವೈದ್ಯರು ತಾವಾಗಿ ಹೇಳದಿದ್ದರೆ ನೀವೇ ಕೇಳಿ, ಹುಡುಗನನ್ನೂ ಆ ಮಾತಿನಲ್ಲಿ ಕೂಡಿಸಿಕೊಳ್ಳಿ.