ರೋಬೋಟ್ ನೆರವಿನ ನಡಿಗೆ ಚಿಕಿತ್ಸೆ: ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಅದರ ಇತಿಹಾಸ

ಸೆರೆಬ್ರಲ್ ಪಾಲ್ಸಿ (ಮಿದುಳಿನ ಪಾರ್ಶ್ವವಾಯು) ಇರುವ ಮಕ್ಕಳ ಕಾಲುಗಳನ್ನು ಮೋಟಾರು ಜೋಡಿಸಿದ ಯಂತ್ರದ ನೆರವಿನಿಂದ ನಡಿಗೆಯ ಲಯದಲ್ಲಿ ಮತ್ತೆ ಮತ್ತೆ ಆಡಿಸಿ, ನಿಲ್ಲುವ ಹಾಗೂ ನಡೆಯುವ ಸಾಮರ್ಥ್ಯವನ್ನು ಬೆಳೆಸುವ ಪುನಶ್ಚೇತನ ವಿಧಾನ. ಬೆನ್ನುಹುರಿಗೆ ಪೆಟ್ಟಾದ ದೊಡ್ಡವರಿಗಾಗಿ 1990ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರೂಪುಗೊಂಡ ಯಂತ್ರವನ್ನು ಮುಂದಿನ ದಶಕದಲ್ಲಿ ಮಕ್ಕಳ ಅಳತೆಗೆ ಹೊಂದಿಸಲಾಯಿತು. ಮಗುವನ್ನು ಯಂತ್ರವೇ ನಡೆಸುತ್ತಿದ್ದ ಹಂತದಿಂದ, ಮಗು ತಾನೇ ನಡೆಯುವಾಗ ಯಂತ್ರ ಬೇಕಾದಷ್ಟೇ ಆಸರೆ ಕೊಡುವ ಹಂತದವರೆಗೆ ಬಂದದ್ದು ಈ ಚಿಕಿತ್ಸೆಯ ಚರಿತ್ರೆ.

ಹಿನ್ನೆಲೆ

ಬೆಳೆಯುತ್ತಿರುವ ಮಿದುಳಿಗೆ ಗರ್ಭದಲ್ಲಿ, ಹೆರಿಗೆಯ ವೇಳೆಯಲ್ಲಿ ಅಥವಾ ಶೈಶವದಲ್ಲಿ ಆಗುವ ಹಾನಿಯಿಂದ ಸೆರೆಬ್ರಲ್ ಪಾಲ್ಸಿ ಉಂಟಾಗುತ್ತದೆ. ಮಿದುಳಿನ ಹಾನಿ ಹೆಚ್ಚುತ್ತ ಹೋಗುವುದಿಲ್ಲ. ಆದರೆ ಮಗು ಎತ್ತರವಾದಂತೆಲ್ಲ ಸ್ನಾಯುಗಳ ಬಿಗಿತ, ಕೀಲುಗಳ ಸೆಡೆತ ಮತ್ತು ಮೂಳೆಗಳ ತಿರುಚುವಿಕೆ ಹೆಚ್ಚಾಗಬಹುದು. ಎಷ್ಟೋ ಮಕ್ಕಳು ತುದಿಗಾಲಲ್ಲಿ, ಇಲ್ಲವೇ ಮಂಡಿ ಬಗ್ಗಿಸಿಕೊಂಡು ನಡೆಯುತ್ತಾರೆ. ಕೆಲವರಿಗೆ ನಿಲ್ಲುವುದೂ ಆಗುವುದಿಲ್ಲ.

ಲಂಡನ್ನಿನ ಮೂಳೆ ಶಸ್ತ್ರವೈದ್ಯ ವಿಲಿಯಂ ಜಾನ್ ಲಿಟಲ್ 19ನೆಯ ಶತಮಾನದ ಮಧ್ಯಭಾಗದಲ್ಲಿ ಈ ಸ್ಥಿತಿಯನ್ನು ವಿವರವಾಗಿ ದಾಖಲಿಸಿ, ಕಷ್ಟದ ಹೆರಿಗೆಯೊಂದಿಗೆ ಅದಕ್ಕಿರುವ ನಂಟನ್ನು ತೋರಿಸಿದ. ಬಹುಕಾಲ ಇದನ್ನು ಲಿಟಲ್‌ನ ಕಾಯಿಲೆ ಎಂದೇ ಕರೆಯುತ್ತಿದ್ದರು. 1889ರಲ್ಲಿ ವಿಲಿಯಂ ಆಸ್ಲರ್ ಈ ಬಗ್ಗೆ ಗ್ರಂಥವನ್ನೇ ಪ್ರಕಟಿಸಿದ. ಮನೋವಿಶ್ಲೇಷಣೆಯಿಂದ ಪ್ರಸಿದ್ಧನಾಗುವ ಮೊದಲು ನರವೈದ್ಯನಾಗಿದ್ದ ಸಿಗ್ಮಂಡ್ ಫ್ರಾಯ್ಡ್, 1897ರ ತನ್ನ ಕೃತಿಯಲ್ಲಿ ಹೆರಿಗೆಗೂ ಮುಂಚಿನ ಕಾರಣಗಳತ್ತ ಗಮನ ಸೆಳೆದ.

20ನೆಯ ಶತಮಾನದ ಬಹುಭಾಗ ಕ್ಯಾಲಿಪರ್, ಶಸ್ತ್ರಚಿಕಿತ್ಸೆ ಮತ್ತು ಕೈಯಿಂದ ಮಾಡಿಸುವ ವ್ಯಾಯಾಮಗಳೇ ಆಧಾರವಾಗಿದ್ದವು. ಬರ್ಟಾ ಮತ್ತು ಕಾರೆಲ್ ಬೊಬಾತ್ ದಂಪತಿ ಲಂಡನ್ನಿನಲ್ಲಿ ಬೆಳೆಸಿದ ಪದ್ಧತಿ ಜಗತ್ತಿನ ನಾನಾ ಕಡೆಯ ಫಿಸಿಯೋಥೆರಪಿಯ ಮೇಲೆ ಪ್ರಭಾವ ಬೀರಿತು. ಸ್ನಾಯುಗಳ ಬಿಗಿತವನ್ನು ಇಳಿಸಿ, ಸರಿಯಾದ ಭಂಗಿಯನ್ನು ರೂಢಿಸುವುದು ಅದರ ಗುರಿಯಾಗಿತ್ತು.

ವೈಜ್ಞಾನಿಕ ತಳಹದಿ

ನಡಿಗೆಯ ಲಯ ಹುಟ್ಟುವುದರಲ್ಲಿ ಬೆನ್ನುಹುರಿಗೆ ದೊಡ್ಡ ಪಾತ್ರವಿದೆ ಎಂಬುದನ್ನು ಬ್ರಿಟನ್ನಿನ ಥಾಮಸ್ ಗ್ರಹಾಂ ಬ್ರೌನ್ 1911ರಲ್ಲಿ ಬೆಕ್ಕುಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದ. ಸ್ವೀಡನ್ನಿನ ಸ್ಟೆನ್ ಗ್ರಿಲ್ನರ್ ಈ ಸಂಶೋಧನೆಯನ್ನು ಮುಂದುವರಿಸಿದರು. 1987ರಲ್ಲಿ ಕೆನಡಾದ ಯೂಗ್ ಬಾರ್ಬೋ ಮತ್ತು ಸೆರ್ಜ್ ರೊಸಿನ್ಯೋಲ್, ಬೆನ್ನುಹುರಿ ಕತ್ತರಿಸಲಾದ ಬೆಕ್ಕುಗಳೂ ಟ್ರೆಡ್‌ಮಿಲ್ ಮೇಲೆ ಸತತವಾಗಿ ಅಭ್ಯಾಸ ಮಾಡಿಸಿದರೆ ಹಿಂಗಾಲುಗಳ ನಡಿಗೆಯನ್ನು ಮರಳಿ ಪಡೆಯುತ್ತವೆ ಎಂದು ವರದಿ ಮಾಡಿದರು. ನಡಿಗೆಯನ್ನು ನಡೆಯುತ್ತಲೇ ಕಲಿಯಬೇಕು, ಅದೂ ಸಾವಿರಾರು ಸಲ ಹೆಜ್ಜೆ ಹಾಕಿ ಕಲಿಯಬೇಕು ಎಂಬ ತಿಳಿವಳಿಕೆಗೆ ಇದರಿಂದ ಬಲ ಬಂತು.

1990ರ ದಶಕದಲ್ಲಿ ಜರ್ಮನಿಯ ಆಂಟನ್ ವೆರ್ನಿಗ್ ಬೆನ್ನುಹುರಿಗೆ ಪೆಟ್ಟಾದವರಿಗೂ, ಬರ್ಲಿನ್ನಿನ ಸ್ಟೆಫಾನ್ ಹೆಸ್ಸೆ ಪಾರ್ಶ್ವವಾಯು ಪೀಡಿತರಿಗೂ ಟ್ರೆಡ್‌ಮಿಲ್ ತರಬೇತಿ ಕೊಟ್ಟರು. ರೋಗಿಯನ್ನು ಪಟ್ಟಿಗಳಿಂದ ಮೇಲಕ್ಕೆ ತೂಗುಹಾಕಿ ದೇಹದ ಭಾರದ ಒಂದಂಶವನ್ನು ಇಳಿಸುವುದು ಈ ಕ್ರಮದ ತಿರುಳು. ಸೆರೆಬ್ರಲ್ ಪಾಲ್ಸಿ ಇರುವ ಪುಟ್ಟ ಮಕ್ಕಳಿಗೂ ಇದು ಸಾಧ್ಯವೆಂದು ಕೆನಡಾದ ಕ್ಯಾರಲ್ ರಿಚರ್ಡ್ಸ್ ತಂಡ 1997ರಲ್ಲಿ ವರದಿ ಮಾಡಿತು. ತೊಡಕಿದ್ದದ್ದು ಶ್ರಮದಲ್ಲಿ. ಎರಡು ಬದಿಯಲ್ಲಿ ಬಗ್ಗಿ ಕುಳಿತ ಥೆರಪಿಸ್ಟರು ಪ್ರತಿ ಹೆಜ್ಜೆಗೂ ಮಗುವಿನ ಕಾಲನ್ನು ಎತ್ತಿ ಇಡಬೇಕಿತ್ತು. ಮಗುವಿಗಿಂತ ಮೊದಲು ಅವರೇ ದಣಿಯುತ್ತಿದ್ದರು. ಹೆಜ್ಜೆಯಿಂದ ಹೆಜ್ಜೆಗೆ ಏಕರೂಪವೂ ಇರುತ್ತಿರಲಿಲ್ಲ.

ಲೊಕೊಮ್ಯಾಟ್ ಮತ್ತು ಮಕ್ಕಳ ಯಂತ್ರ

ಈ ದುಡಿಮೆಯನ್ನು ಯಂತ್ರಕ್ಕೆ ಒಪ್ಪಿಸಲು ಜೂರಿಕ್‌ನ ಬಾಲ್‌ಗ್ರಿಸ್ಟ್ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಎಂಜಿನಿಯರ್ ಗೇರಿ ಕೊಲಂಬೊ ಮತ್ತು ನರವೈದ್ಯ ಫೋಲ್ಕರ್ ಡೀಟ್ಸ್ ಮುಂದಾದರು. ಕೊಲಂಬೊ 1996ರಲ್ಲಿ ಸಂಗಡಿಗರೊಂದಿಗೆ ಹೊಕೋಮಾ ಕಂಪನಿಯನ್ನು ಕಟ್ಟಿದರು. ಅದರ ಲೊಕೊಮ್ಯಾಟ್ ಯಂತ್ರದಲ್ಲಿ ಎರಡೂ ಸೊಂಟದ ಕೀಲುಗಳಿಗೆ ಮತ್ತು ಎರಡೂ ಮಂಡಿಗಳಿಗೆ ತಲಾ ಒಂದು ಮೋಟಾರು ಇರುತ್ತದೆ. ಹೊರಗಿನಿಂದ ಕಾಲುಗಳಿಗೆ ಕಟ್ಟಿದ ಚೌಕಟ್ಟು ಟ್ರೆಡ್‌ಮಿಲ್‌ನ ವೇಗಕ್ಕೆ ತಕ್ಕಂತೆ ಚಲಿಸುತ್ತದೆ. ಕಾಲು ಮುಂದಕ್ಕೆ ಬರುವಾಗ ಪಾದದ ತುದಿ ನೆಲಕ್ಕೆ ತಗಲದಂತೆ ಪಟ್ಟಿಗಳು ಎತ್ತಿ ಹಿಡಿಯುತ್ತವೆ. ಯಂತ್ರ ಎಷ್ಟು ಬಲ ಕೊಡಬೇಕೆಂಬುದನ್ನು ಥೆರಪಿಸ್ಟ್ ಹೆಚ್ಚು ಕಡಿಮೆ ಮಾಡಬಹುದು. ಇದೇ ಕಾಲದಲ್ಲಿ ಹೆಸ್ಸೆ ಬರ್ಲಿನ್ನಿನಲ್ಲಿ ಬೇರೆ ಬಗೆಯ ಯಂತ್ರವನ್ನು ರೂಪಿಸಿದರು. ಅದರಲ್ಲಿ ಕಾಲಿಗೆ ಚೌಕಟ್ಟಿಲ್ಲ. ಪಾದ ಊರಿದ ಹಲಗೆಗಳೇ ಹೆಜ್ಜೆಯ ದಾರಿಯಲ್ಲಿ ಚಲಿಸುತ್ತವೆ.

ಮಕ್ಕಳ ತೊಡೆಯ ಉದ್ದಕ್ಕೆ ಹೊಂದುವ ಚಿಕ್ಕ ಲೊಕೊಮ್ಯಾಟ್ 2000ದ ದಶಕದ ಮಧ್ಯದಲ್ಲಿ ಸಿದ್ಧವಾಯಿತು. ತೊಡೆಯ ಉದ್ದ ಸುಮಾರು 21ರಿಂದ 35 ಸೆಂಟಿಮೀಟರ್ ಇರುವ ಮಕ್ಕಳಿಗೆ, ಅಂದರೆ ಹೆಚ್ಚುಕಡಿಮೆ 4 ವರ್ಷ ದಾಟಿದವರಿಗೆ, ಅದು ಹೊಂದುತ್ತದೆ. ಜೂರಿಕ್ ಬಳಿಯ ಅಫೊಲ್ಟರ್ನ್ ಮಕ್ಕಳ ಪುನಶ್ಚೇತನ ಕೇಂದ್ರದ ಆಂಡ್ರಿಯಾಸ್ ಮೇಯರ್-ಹೈಮ್ ತಂಡ 2007ರಲ್ಲಿ 26 ಮಕ್ಕಳ ಅನುಭವವನ್ನು ಪ್ರಕಟಿಸಿ, ಚಿಕಿತ್ಸೆ ಕಾರ್ಯಸಾಧ್ಯವೆಂದು ತೋರಿಸಿತು. ಯಂತ್ರದೊಳಗೆ ಮಗು ಸುಮ್ಮನೆ ತೂಗಿಕೊಂಡಿದ್ದರೆ ಕಲಿಕೆ ನಡೆಯದು ಎಂಬುದು ಬೇಗ ಅರಿವಿಗೆ ಬಂತು. ಹಾಗಾಗಿ ಎದುರಿನ ಪರದೆಯಲ್ಲಿ ಆಟಗಳನ್ನು ಇಟ್ಟು, ಮಗು ತಾನೇ ಕಾಲಿಗೆ ಬಲ ಹಾಕಿದಾಗ ಮಾತ್ರ ಆಟ ಮುಂದೆ ಸಾಗುವಂತೆ ಮಾಡಿದರು.

ಫಲಿತಾಂಶಗಳ ಪರೀಕ್ಷೆ

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 1997ರಲ್ಲಿ ರೂಪಿಸಿದ 5 ಹಂತಗಳ ವರ್ಗೀಕರಣ ಮಕ್ಕಳ ಚಲನಶಕ್ತಿಯನ್ನು ಹೋಲಿಸಿ ನೋಡಲು ನೆರವಾಯಿತು. ಮೊದಲ ಹಂತದ ಮಗು ಆಸರೆಯಿಲ್ಲದೆ ನಡೆಯುತ್ತದೆ. ಐದನೆಯ ಹಂತದ ಮಗುವನ್ನು ಗಾಲಿಕುರ್ಚಿಯಲ್ಲಿ ಇತರರೇ ಕರೆದೊಯ್ಯಬೇಕು.

ಆರಂಭದ ವರದಿಗಳು ಭರವಸೆ ಹುಟ್ಟಿಸಿದವು. ಮ್ಯೂನಿಕ್‌ನ ಇಂಗೊ ಬೋರ್ಗ್‌ಗ್ರೇಫೆ ತಂಡ 2010ರಲ್ಲಿ, 3 ವಾರಗಳಲ್ಲಿ 12 ಸಲ ಚಿಕಿತ್ಸೆ ಪಡೆದ 20 ಮಂದಿಯಲ್ಲಿ ನಿಲ್ಲುವ ಮತ್ತು ನಡೆಯುವ ಸಾಮರ್ಥ್ಯ ಸುಧಾರಿಸಿದ್ದನ್ನು ವರದಿ ಮಾಡಿತು. 2011ರಲ್ಲಿ ಇಟಲಿಯ ನಿಕೋಲಾ ಸ್ಮಾನಿಯಾ ತಂಡ, 18 ಮಕ್ಕಳ ಹೋಲಿಕೆ ಅಧ್ಯಯನದಲ್ಲಿ ಹೆಸ್ಸೆ ಮಾದರಿಯ ಯಂತ್ರ ಬಳಸಿದವರ ನಡಿಗೆಯ ವೇಗ ಮತ್ತು ಸಹನಶಕ್ತಿ ಹೆಚ್ಚಿದ್ದನ್ನು ಕಂಡಿತು. ಆದರೆ ಪೋಲೆಂಡಿನಲ್ಲಿ 52 ಮಕ್ಕಳನ್ನು ಸೇರಿಸಿಕೊಂಡು ನಡೆದ 2013ರ ಅಧ್ಯಯನ, ರೋಬೋಟ್ ಚಿಕಿತ್ಸೆ ಪಡೆದವರಿಗೂ ಕೇವಲ ವ್ಯಾಯಾಮ ಮಾಡಿದವರಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ ಎಂದಿತು. ಸ್ವಿಸ್ ಸಂಶೋಧಕರೇ ಮುಂದೆ ನಡೆಸಿದ ಪೆಲೊಗೇಟ್ ಪ್ರಯೋಗವೂ ನಿರೀಕ್ಷಿತ ಲಾಭವನ್ನು ತೋರಿಸಲಿಲ್ಲ.

ಧರಿಸಿ ನಡೆಯುವ ಯಂತ್ರಗಳು

ಮುಂದಿನ ಪ್ರಯತ್ನ ಮಗುವನ್ನು ಟ್ರೆಡ್‌ಮಿಲ್‌ನಿಂದ ಬಿಡಿಸಿ ನೆಲದ ಮೇಲೆ ನಡೆಸುವುದಾಗಿತ್ತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಝಾಕರಿ ಲರ್ನರ್, ಡಯೇನ್ ಡಾಮಿಯಾನೊ ಮತ್ತು ಥಾಮಸ್ ಬುಲಿಯಾ, ಮಂಡಿ ಬಗ್ಗಿಸಿ ನಡೆಯುವವರಿಗಾಗಿ ಮಂಡಿಗೆ ಕಟ್ಟುವ ಹಗುರ ಯಂತ್ರವನ್ನು ತಯಾರಿಸಿದರು. 2017ರ ಅವರ ವರದಿಯಲ್ಲಿ 5ರಿಂದ 19 ವರ್ಷದ 7 ಮಂದಿಯ ಪೈಕಿ 6 ಮಂದಿಯ ನಡಿಗೆಯ ಭಂಗಿ ನೇರವಾಗಿತ್ತು. ಯಂತ್ರ ಬಲ ಕೊಡುತ್ತಿದ್ದರೂ ಅವರ ಸ್ನಾಯುಗಳು ದುಡಿಮೆ ನಿಲ್ಲಿಸಿರಲಿಲ್ಲ ಎಂಬುದು ಅದಕ್ಕಿಂತ ಮಹತ್ವದ ಸಂಗತಿ. ಸ್ಪೇನಿನ ಎಲೆನಾ ಗಾರ್ಸಿಯಾ ಅರ್ಮಾಡಾ ರೂಪಿಸಿದ, ಮಕ್ಕಳು ಮೈಗೆ ತೊಡುವ ಅಟ್ಲಾಸ್ 2030 ಯಂತ್ರಕ್ಕೆ 2021ರಲ್ಲಿ ಯುರೋಪಿನ ಅನುಮತಿ ದೊರೆಯಿತು. ದಕ್ಷಿಣ ಕೊರಿಯಾದಲ್ಲಿ 90 ಮಕ್ಕಳನ್ನು ಒಳಗೊಂಡ, 2024ರಲ್ಲಿ ಪ್ರಕಟವಾದ ಅಧ್ಯಯನವೊಂದು, ಧರಿಸುವ ರೋಬೋಟ್‌ನೊಂದಿಗೆ ನೆಲದ ಮೇಲೆ ನಡೆದ ಮಕ್ಕಳಲ್ಲಿ ಚಲನಶಕ್ತಿ ಹೆಚ್ಚು ಸುಧಾರಿಸಿದ್ದನ್ನು ತೋರಿಸಿತು.

ಭಾರತದ ನಂಟು

ಕೆನಡಾದ ಟ್ರೆಕ್ಸೊ ಯಂತ್ರದ ಮೂಲ ಭಾರತದ ಮಗುವೊಂದರ ಅಗತ್ಯದಲ್ಲಿದೆ. ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಓದಿದ ಮನ್‌ಮೀತ್ ಮಗ್ಗು ಭಾರತದಲ್ಲಿದ್ದ ತಮ್ಮ ಕುಟುಂಬದ ಮಗುವಿಗಾಗಿ ಇದನ್ನು ಕೈಗೆತ್ತಿಕೊಂಡು, ರಾಹುಲ್ ಉದಾಸಿ ಅವರೊಂದಿಗೆ ಬೆಳೆಸಿದರು. ಮ್ಯಾನ್‌ಹೋಲ್ ಶುಚಿಗೊಳಿಸುವ ರೋಬೋಟ್‌ನಿಂದ ಹೆಸರಾದ ಕೇರಳದ ಜೆನ್‌ರೋಬೋಟಿಕ್ಸ್ ಸಂಸ್ಥೆ, ಜಿ-ಗೇಟರ್ ಎಂಬ ನಡಿಗೆ ತರಬೇತಿ ಯಂತ್ರವನ್ನು ದೇಶದಲ್ಲೇ ತಯಾರಿಸಿದೆ. ಸೆರೆಬ್ರಲ್ ಪಾಲ್ಸಿ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಮತ್ತು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡರ ವ್ಯಾಪ್ತಿಗೂ ಬರುತ್ತದೆ. ನ್ಯಾಸದ ನಿರಾಮಯ ಯೋಜನೆ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಒದಗಿಸುತ್ತದೆ.

ಮೌಲ್ಯಮಾಪನ

ರೋಬೋಟ್ ಮಿದುಳಿನ ಹಾನಿಯನ್ನು ಗುಣಪಡಿಸುವುದಿಲ್ಲ. ಕಡಿಮೆ ಹೊತ್ತಿನಲ್ಲಿ ಹೆಚ್ಚು ಹೆಜ್ಜೆಗಳ ಅಭ್ಯಾಸಕ್ಕೆ ಅವಕಾಶ ಕೊಡುವುದು ಅದರ ನಿಜವಾದ ಕೊಡುಗೆ. ಕೀಲುಗಳು ತೀವ್ರವಾಗಿ ಸೆಡೆತವರಿಗೆ, ಮೂಳೆ ದುರ್ಬಲವಾದವರಿಗೆ ಮತ್ತು ಪಟ್ಟಿ ತಗಲುವೆಡೆ ಚರ್ಮದ ಗಾಯವಿರುವವರಿಗೆ ಅದು ಸಲ್ಲದು. ಪುನಶ್ಚೇತನ ತಜ್ಞರು ಅದನ್ನು ಫಿಸಿಯೋಥೆರಪಿಯ ಬದಲಿಗೆ ಅಲ್ಲ, ಫಿಸಿಯೋಥೆರಪಿಯ ಜೊತೆಗೆ ಬಳಸುತ್ತಾರೆ. ಯಂತ್ರದೊಳಗೆ ಹಾಕಿದ ಹೆಜ್ಜೆಗಳ ಲೆಕ್ಕದಿಂದ ಅದರ ಬೆಲೆ ತಿಳಿಯದು. ಮನೆಯಲ್ಲಿ, ಶಾಲೆಯಲ್ಲಿ, ಬೀದಿಯಲ್ಲಿ ಮಗುವಿನ ಓಡಾಟ ಎಷ್ಟು ಸುಲಭವಾಯಿತು ಎಂಬುದೇ ಈ ಚಿಕಿತ್ಸೆಯ ಸರಿಯಾದ ಅಳತೆ.